ವಿಮಾನದ ಹಣೆ

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತ ಒಂದು ಮಾತಿದೆ. ಈ ಮಾತು ಕಟ್ಟಿದವನು ನಮ್ಮ ಭಾವನನ್ನು ನೋಡಿರಲಿಲ್ಲ. ಮುನಿಶಾಮಪ್ಪನವರಿಗೆ ನಮ್ಮಕ್ಕ ರಾಮಲಕ್ಷ್ಮಮ್ಮನ ಜೊತೆ ಮದುವೆಯೂ ಆಯಿತು, ಹೆಣ್ಣುಮಕ್ಕಳಿಬ್ಬರ ಮದುವೆಯನ್ನೂ ಅವರೇ ಮಾಡಿ ಮುಗಿಸಿದರು, ಹುಚ್ಚು ಮಾತ್ರ ಬಿಡಲಿಲ್ಲ. ಸಾಮಾನ್ಯ ಹುಚ್ಚಾಗಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಇಸ್ಪೀಟು, ನಾಟಕ, ಕೋಳಿ ಪಂದ್ಯ, ನಮ್ಮ ಸೀಮೆಯಲ್ಲಿ ಎಲ್ಲಕ್ಕೂ ಜಾಗವಿದೆ. ಇವರದು ವಿಮಾನದ ಹುಚ್ಚು.

ಭಾವ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಬೇರೆಯವರು ಹಾರಿಸುವ ವಿಮಾನದ ಬೋಲ್ಟು ಬಿಗಿ ಮಾಡಿ, ಗ್ರೀಸು ಹಚ್ಚಿ, ಕೆಳಗೆ ನಿಂತು ಕತ್ತೆತ್ತಿ ನೋಡಿದ್ದೇ ಬಂತು. "ಮದುವೆ ಮನೇಲಿ ಅಡುಗೆ ಎಲ್ಲಾ ಮಾಡಿ, ಊಟ ಮಾಡ್ದೆ ಬಂದಂಗೆ ಕಣೋ ಚೆನ್ನರಾಯಪ್ಪ" ಅನ್ನುತ್ತಿದ್ದರು ನನಗೆ. ನಾನು ಚಿಂತಾಮಣಿಯಲ್ಲಿ ಹೈಸ್ಕೂಲು ಮೇಷ್ಟ್ರು, ಭೂಗೋಳ ಹೇಳಿಕೊಡುವವನು. ನೆಲದ ವಿಷಯ ಬಿಟ್ಟರೆ ನನಗೆ ಇನ್ನೇನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡವಾಗಿತ್ತು.

ಪಿಂಚಣಿ ಆಗಿ ಕೆಂಚಾರ್ಲಹಳ್ಳಿಗೆ ವಾಪಸ್ಸು ಬಂದ ಮೇಲೂ ಆ ಹಸಿವು ಹೋಗಲಿಲ್ಲ. ಬೆಂಗಳೂರಿನಲ್ಲಿ ಯಾರೋ ಸಾಹುಕಾರರು ಇಂಗ್ಲೆಂಡಿನಿಂದ ಪುಟ್ಟ ವಿಮಾನವೊಂದರ ಕಿಟ್ ತರಿಸಿ, ಜೋಡಿಸುವ ತಾಳ್ಮೆ ಸಾಲದೆ ಪೆಟ್ಟಿಗೆ ಸಮೇತ ಗೋಡೌನಿನಲ್ಲಿ ಬಿಸಾಕಿದ್ದರಂತೆ. ಭಾವ ಅದನ್ನು ಕೊಂಡೇಬಿಟ್ಟರು. 1989ರ ಬೇಸಿಗೆಯಲ್ಲಿ, ಟೊಮೇಟೊ ಇಳಿಸಿ ಖಾಲಿ ಬರುತ್ತಿದ್ದ ಲಾರಿಯೊಂದು ಆ ಪೆಟ್ಟಿಗೆಗಳನ್ನು ಊರಿಗೆ ತಂದಿತು. ಒಳಗೆ ಕೊಳವೆ, ತಂತಿ, ಬಟ್ಟೆ, ಒಂದು ಎಂಜಿನ್ನು. ಇಷ್ಟನ್ನೂ ಪುಸ್ತಕ ನೋಡಿಕೊಂಡು ಜೋಡಿಸಿದರೆ ಒಬ್ಬರು ಕೂತು ಹಾರಬಹುದಾದ ವಿಮಾನ ಆಗುತ್ತದಂತೆ. ಊರಿನವರು ನೋಡಿ, ಮೇಷ್ಟ್ರ ಭಾವ ಹೊಸ ಥರದ ಪಂಪ್‌ಸೆಟ್ಟು ತರಿಸವ್ರೆ ಅಂತ ಮಾತಾಡಿಕೊಂಡರು.

ಪೆಟ್ಟಿಗೆ ಇಳಿಸಿದ್ದು ಅಕ್ಕನ ಹುಳುಮನೆಯಲ್ಲಿ. ತಪ್ಪು ಶುರುವಾದದ್ದೇ ಅಲ್ಲಿ. ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ದೇವರ ಕೋಣೆಗಿಂತ ಹುಳುಮನೆಗೆ ಮಡಿ ಜಾಸ್ತಿ. ಬೀಡಿ ಸೇದಿದವನು ಒಳಗೆ ಹೋಗುವ ಹಾಗಿಲ್ಲ, ಹುಳು ವಾಸನೆ ತಾಳುವುದಿಲ್ಲ. ನಾನು ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಹೋದರೆ ಅಕ್ಕ ಬಾಗಿಲಲ್ಲೇ ತಡೆದು, ಸ್ನಾನ ಮಾಡ್ಕೊಂಡು ಬಾ ಅಂತ ಅಟ್ಟುತ್ತಿದ್ದಳು. ಅಂಥಾ ಜಾಗದ ಅರ್ಧವನ್ನು ಅವಳು ಗಂಡನಿಗೆ ಬಿಟ್ಟುಕೊಟ್ಟದ್ದು ದೊಡ್ಡ ಮನಸ್ಸು. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಯಂತ್ರಗಳ ರಿಪೇರಿ ಅಂಗಡಿ ಇಟ್ಟಿದ್ದ ಮುಖ್ತಾರ್, ಭಾವನ ಸಹಾಯಕ್ಕೆ ಭಾನುವಾರ ಭಾನುವಾರ ಬರತೊಡಗಿದ. ಹೆಂಡತಿ ಮಹಮೂದಾ ಕೈಯಲ್ಲಿ ರೆಕ್ಕೆಯ ಬಟ್ಟೆಗೆ ಹೊಲಿಗೆ ಹಾಕಿಸಿಕೊಟ್ಟವನೂ ಅವನೇ.

ಆ ಬಟ್ಟೆಯನ್ನು ರೆಕ್ಕೆಗೆ ಹೊದಿಸಿದ ಮೇಲೆ ಬಿಗಿಯಾಗಲಿ ಅಂತ ಒಂಥರಾ ವಾರ್ನಿಷ್ ಬಳಿಯಬೇಕು. ಭಾವ ಮೂರ್ಖರಲ್ಲ, ಒಂದು ಬೆಳೆಯ ಗೂಡೆಲ್ಲ ಮಾರ್ಕೆಟ್ಟಿಗೆ ಹೋಗಿ ಹುಳುಮನೆ ಖಾಲಿಯಾದ ಮೇಲೆಯೇ ಬಳಿದರು. ಬಾಗಿಲು ಕಿಟಕಿ ತೆಗೆದಿಟ್ಟು ಒಣಗಿಸಿದರು. ಆದರೆ ಮಣ್ಣಿನ ಗೋಡೆ ವಾಸನೆಯನ್ನು ಕುಡಿದುಕೊಂಡಿತ್ತು. ಮುಂದಿನ ಬೆಳೆಯಲ್ಲಿ, ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತಿಗೆ ಹುಳುಗಳು ಸೊಪ್ಪು ಮುಟ್ಟಲಿಲ್ಲ. ತಟ್ಟೆ ತಟ್ಟೆ ಹುಳುವೇ ಮೆತ್ತಗಾಗಿ ಸತ್ತುಹೋಯಿತು. ಅಕ್ಕ ಅಷ್ಟನ್ನೂ ಮಂಕರಿಯಲ್ಲಿ ಹೊತ್ತುಕೊಂಡು ಹೋಗಿ ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದಳು. ಭಾವ ಹಿಂದೆ ಹಿಂದೆ ಹೋದರೂ ಗುದ್ದಲಿ ಮುಟ್ಟಲು ಬಿಡಲಿಲ್ಲ.

ಅವತ್ತಿನಿಂದ ಹುಳುವಿನ ತಟ್ಟೆಗಳು ನಡುಮನೆಗೆ ಬಂದವು, ಮನುಷ್ಯರು ಜಗಲಿಗೆ ಹೋದರು. ಆ ವಿಮಾನದ ಮುಖ ನೋಡಲ್ಲ ಅಂತ ಅಕ್ಕ ಶಪಥ ಮಾಡಿದಳು. ನಮ್ಮಕ್ಕ ಮಾತಿಗೆ ನಿಲ್ಲುವವಳು. ವರ್ಷಗಟ್ಟಲೆ ಹುಳುಮನೆಯ ಮುಂದೆ ಹೋಗುವಾಗ ಸೆರಗು ಆ ಕಡೆಗೆ ಎಳೆದುಕೊಂಡು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಗಂಡನಿಗೆ ಊಟಕ್ಕೇನೂ ಕಮ್ಮಿ ಮಾಡಲಿಲ್ಲ, ಮುದ್ದೆ ಸಾರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

"ಹುಳು ಹೋದ್ವು ಅಂತ ಇಷ್ಟು ದಿನ ಕೋಪಾನಾ ಅಕ್ಕಾ?" ಅಂತ ಒಂದು ಸಲ ಕೇಳಿದೆ.

"ಹುಳು ಹಾಳಾಗ್ಲಿ ಕಣೋ. ಇವ್ರಿಗೆ ಪಿಚ್ಚಿ ಹಿಡಿದೈತೆ, ಹುಚ್ಚು. ಈ ವಯಸ್ಸಲ್ಲಿ ಆಕಾಶದಿಂದ ಬಿದ್ರೆ ನನ್ನ ಹಣೆ ಗತಿ ಏನು?" ಅಂದಳು. ಮಾತಾಡುತ್ತಾ ಅವಳ ಕೈ ತಾನಾಗಿಯೇ ಹಣೆಯ ಕುಂಕುಮಕ್ಕೆ ಹೋಯಿತು. ಇದನ್ನು ಭಾವನಿಗೆ ಹೇಳಿದೆ. "ಅವಳು ಬಂದು ಒಂದ್ಸಲ ನೋಡಿದ್ರೆ ಸಾಕಾಗಿತ್ತು ಕಣೋ. ಅವಳು ನೋಡ್ದೆ ಹಾರಿದ್ರೆ ಏನು ಚೆನ್ನ?" ಅಂದರು.

ವಿಮಾನ ಮುಗಿಯಲು ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು. ಭಾವ ಬೆಂಗಳೂರಿನ ಪಕ್ಕದ ಜಕ್ಕೂರಿನ ಹಾರಾಟದ ಶಾಲೆಗೆ ಬಸ್ಸಿನಲ್ಲಿ ಓಡಾಡಿ ಹಾರಿಸುವುದನ್ನು ಕಲಿತರು. ಅನುಮತಿಗಾಗಿ ಕೋಲಾರದಿಂದ ದಿಲ್ಲಿಯವರೆಗೆ ಅರ್ಜಿ ಹಾಕಿ ಚಪ್ಪಲಿ ಸವೆಸಿದರು. ಕೆಲಸದಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ಎಲ್ಲಾ ಪರೀಕ್ಷೆ ಮುಗಿದ ಮೇಲೆ ಯಾರಾದರೂ ವಿಮಾನಕ್ಕೆ ಒಂದು ಬೆರಳು ತಾಗಿಸಿದರೂ ಸರಿ, ಮತ್ತೆ ಮೊದಲಿನಿಂದ ಪರೀಕ್ಷೆ. ಮುಖ್ತಾರ್ ಒಂದು ಸಲ ರೆಕ್ಕೆಯ ಮೇಲೆ ಕೂತಿದ್ದ ನೊಣ ಓಡಿಸಿದ್ದಕ್ಕೆ ಇಡೀ ವಿಮಾನ ಮತ್ತೆ ನೋಡಿದರು. "ಅಣ್ಣಾ, ನೊಣ ಕೂತಿದ್ದಕ್ಕೂ ನೋಡ್ಬೇಕಾ, ನಾನು ಓಡಿಸಿದ್ದಕ್ಕಾ?" ಅಂತ ಅವನು ಹಲ್ಲು ಕಿರಿದರೆ, "ಎರಡಕ್ಕೂ" ಅಂದರು.

1994ರಲ್ಲಿ ಯುಗಾದಿ ಕಳೆದು, ಕೆರೆಯ ಅಂಗಳ ಒಣಗಿ ಗಟ್ಟಿಯಾದ ಮೇಲೆ, ಒಂದು ಬೆಳಿಗ್ಗೆ ವಿಮಾನವನ್ನು ತಳ್ಳಿಕೊಂಡು ಅಲ್ಲಿಗೆ ಹೋದೆವು. ಮುಳ್ಳುಗಿಡ ಕಡಿದು ಓಡುವ ದಾರಿ ಮಾಡಿದ್ದೆವು. ಆ ದಾರಿ ಮುಗಿದ ಸ್ವಲ್ಪ ದೂರದಲ್ಲೇ ಕೆರೆಯ ಕಟ್ಟೆ. ಊರಿಗೆ ಊರೇ ಕಟ್ಟೆಯ ಮೇಲೆ ಕೂತಿತ್ತು. ಭಾವ ಪರೀಕ್ಷೆ ಮುಗಿಸಿದರು, ಮತ್ತೊಮ್ಮೆ ಮಾಡಿದರು. ಮೂತಿಯ ಮುಂದೆ ಗೇಣುದ್ದ ಚಾಚಿಕೊಂಡಿದ್ದ ಸಣ್ಣ ಕೊಳವೆಯ ಟೋಪಿಯನ್ನು ಮುಖ್ತಾರ್ ತೆಗೆದು ಜೇಬಿಗೆ ಹಾಕಿಕೊಂಡ. ಓಡುವಾಗ ಆ ಕೊಳವೆಯ ಬಾಯಿಗೆ ಗಾಳಿ ನುಗ್ಗುತ್ತದಂತೆ, ಅದರಿಂದ ವೇಗ ತೋರಿಸುವ ಮುಳ್ಳು ಏಳುತ್ತದಂತೆ. ವೇಗ ಕಮ್ಮಿಯಾದರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ ಅಂತ ಭಾವ ನನಗೆ ಬಿಡಿಸಿ ಹೇಳಿದ್ದರು.

ಅಷ್ಟರಲ್ಲಿ ಕಟ್ಟೆ ಇಳಿದು ಅಕ್ಕ ಬಂದಳು. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಪೂಜೆಯ ತಟ್ಟೆ ಹಿಡಿದು, ಯಾರ ಮುಖವನ್ನೂ ನೋಡದೆ ನೇರ ವಿಮಾನದ ಹತ್ತಿರ ಬಂದಳು. ಭಾವ ಕೈಯಲ್ಲಿದ್ದ ಬಟ್ಟೆ ಬಿಟ್ಟು ನಿಂತರು. ಕರ್ಪೂರ ಬೇಡ, ಪೆಟ್ರೋಲ್ ಇದೆ ಅಂತ ಮುಖ್ತಾರ್ ಮೆಲ್ಲಗೆ ಹೇಳಿದ. ಅವಳು ತಲೆಯಾಡಿಸಿದಳು. ಚಕ್ರಗಳಿಗೆ ನೀರು ಹಾಕಿ ಅರಿಶಿನ ಕುಂಕುಮ ಇಟ್ಟಳು. ಆಮೇಲೆ ಮುಂದೆ ಬಂದು, ಇದಕ್ಕೆ ಹಣೆ ಎಲ್ಲಿ ಅಂತ ಒಂದು ಕ್ಷಣ ಹುಡುಕಿದಳು. ಸಂಕ್ರಾಂತಿಯಲ್ಲಿ ದನದ ಕೊಂಬಿನ ತುದಿಗೆ ಹಚ್ಚುತ್ತೇವಲ್ಲ, ಹಾಗೆ ಆ ಕೊಳವೆಯ ತುದಿಗೆ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ ಒತ್ತಿ ಇಟ್ಟು ಕೈಮುಗಿದಳು. ಅವಳು ಅಡ್ಡ ನಿಂತಿದ್ದರಿಂದ ಅದು ನಮಗ್ಯಾರಿಗೂ ಕಾಣಲಿಲ್ಲ.

"ಜೋಪಾನ. ಹೋಗ್ಬನ್ನಿ" ಅಂದಳು.

ಇಷ್ಟು ವರ್ಷದಲ್ಲಿ ಭಾವನ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೊಣ ಓಡಿಸಿದರೆ ಮತ್ತೆ ಪರೀಕ್ಷೆ ಮಾಡುವ ಮನುಷ್ಯ, ಅವತ್ತು ಏನನ್ನೂ ನೋಡದೆ ಹೋಗಿ ಸೀಟಿನಲ್ಲಿ ಕೂತುಬಿಟ್ಟರು.

ಎಂಜಿನ್ನು ಕೂಗಿತು, ಧೂಳೆದ್ದಿತು, ವಿಮಾನ ಕುಪ್ಪಳಿಸುತ್ತಾ ಓಡಿ ನೆಲ ಬಿಟ್ಟಿತು. ಕಟ್ಟೆಯ ಮೇಲಿದ್ದ ಜನ ತಲೆ ತಗ್ಗಿಸಿ ಕಿರುಚಿದರು. ನಾನೂ ಕಿರುಚಿದೆ, ಸುಳ್ಳೇಕೆ ಹೇಳಲಿ. ನಾಲ್ಕು ವರ್ಷ ಆಡಿಕೊಂಡಿದ್ದ ನನ್ನ ಬಾಯಿಂದ ಶಭಾಷ್ ಅನ್ನುವ ಮಾತು ಬಂತು. ಕೆರೆಯನ್ನು ಒಂದು ಸುತ್ತು ಹಾಕಿ, ಕೈವಾರದ ಬೆಟ್ಟದ ಕಡೆ ಹೋಗಿ ತಿರುಗಿ ಬಂದು ಇಳಿಯುವುದು ಅಂತ ಮಾತಾಗಿತ್ತು. ಅವರು ಬೆಟ್ಟದ ಕಡೆ ಹೋಗಲೇ ಇಲ್ಲ. ಒಂದು ಸುತ್ತು ಹಾಕಿ ಇಳಿಯುವ ಹಾಗೆ ಬಂದರು, ಇಳಿಯದೆ ಮತ್ತೆ ಎದ್ದರು. ಎರಡನೇ ಸಲವೂ ಹಾಗೇ ಆಯಿತು.

"ಯಾಕೋ ಇಳೀತಿಲ್ಲ?" ಅಂದಳು ಅಕ್ಕ.

"ಖುಷಿಗೆ ಅಕ್ಕಾ, ಇನ್ನೊಂದು ರೌಂಡು" ಅಂದ ಮುಖ್ತಾರ್. ಅವನ ಮುಖದಲ್ಲಿ ಖುಷಿಯ ಸುಳಿವೂ ಇರಲಿಲ್ಲ. ಮೂರನೇ ಸಲ ವಿಮಾನ ಜೋರಾಗಿ ಬಂದು ನೆಲಕ್ಕೆ ಬಡಿದು, ಎಗರಿ, ಮತ್ತೆ ಬಡಿದು, ದಾರಿ ಮುಗಿದ ಮೇಲೂ ಓಡಿ, ಕಟ್ಟೆಯ ಬುಡದ ಜಾಲಿ ಪೊದೆಯ ಮುಂದೆ ನಿಂತಿತು.

ನಾವಿಬ್ಬರೂ ಓಡಿ ಮುಟ್ಟುವ ಹೊತ್ತಿಗೆ ಭಾವ ಇಳಿದು ವಿಮಾನದ ಮುಂದೆ ನಿಂತಿದ್ದರು. ಕೊಳವೆಯ ತುದಿ ಕೆಂಪಗೆ, ಬಿಸಿಲು ಗಾಳಿಗೆ ಒಣಗಿ ಗಟ್ಟಿಯಾಗಿತ್ತು. ವೇಗದ ಮುಳ್ಳು ಸೊನ್ನೆಯಿಂದ ಮೇಲೇಳಲೇ ಇಲ್ಲವಂತೆ. ಅದು ಅವರ ಗಮನಕ್ಕೆ ಬರುವಷ್ಟರಲ್ಲಿ ಎದುರಿಗೆ ಕಟ್ಟೆಯೂ ಜನವೂ ಇದ್ದು, ಏಳದೆ ಬೇರೆ ದಾರಿ ಇರಲಿಲ್ಲ. ತಂತಿಗೆ ಗಾಳಿ ಬಡಿಯುವ ಸದ್ದು ಕೇಳಿ ಕೇಳಿ, ಅಂದಾಜಿನ ಮೇಲೆ ಇಳಿಸಿದ್ದರು.

"ಇವಳಿಗೆ ಗೊತ್ತಾಗೋ ಹಾಗಿಲ್ಲ. ಗೊತ್ತಾದ್ರೆ ಹೋಯ್ತು" ಅಂದು ಭಾವ ಅಂಗಿಯ ಅಂಚಿನಲ್ಲಿ ಕುಂಕುಮ ಒರೆಸಿದರು. ಅಕ್ಕ ಏದುಸಿರು ಬಿಡುತ್ತಾ ಬಂದಾಗ ನಗುತ್ತಾ, "ನಿನ್ನ ಪೂಜೆ ಫಲ ಕಣೇ" ಅಂದರು. ಅಕ್ಕನ ಮುಖ ಅರಳಿದ್ದನ್ನು ನೋಡಿ ನಾನು ಬೇರೆ ಕಡೆ ತಿರುಗಿಕೊಂಡೆ.

ಗಂಡಸರ ಗುಟ್ಟು ಒಗೆಯುವ ಕಲ್ಲಿನ ತನಕ. ಅಂಗಿ ಒಗೆಯುವಾಗ ಅಂಚಿನಲ್ಲಿ ಕುಂಕುಮ ಕಂಡಿತು. ಗ್ರೀಸಾಗಿದ್ದರೆ ಅವಳು ಕೇಳುತ್ತಿರಲಿಲ್ಲ. ಕುಂಕುಮವನ್ನು ಯಾರು ಯಾಕೆ ಅಂಗಿಯಲ್ಲಿ ಒರೆಸುತ್ತಾರೆ? ಮುಂದಿನ ಭಾನುವಾರ ಬಂದ ಮುಖ್ತಾರನ ಕೈಗೆ ಟೀ ಕೊಟ್ಟು, "ಮುಖ್ತಾರಪ್ಪಾ, ನಿನ್ನ ಮಕ್ಕಳ ಮೇಲಾಣೆ, ಆ ಕೊಳವೆ ಏನಕ್ಕೆ ಇರೋದು?" ಅಂದಳು. ಪಾಪ, ಅವನು ಸುಳ್ಳು ಹೇಳುವ ಗಿರಾಕಿಯಲ್ಲ. ಅವಳು ಪೂರ್ತಿ ಕೇಳಿಸಿಕೊಂಡು ಒಳಗೆ ಹೋದಳು. ಅವತ್ತಿನಿಂದ ದೇವರ ಮುಂದೆ ಕುಂಕುಮದ ಬಟ್ಟಲು ಮುಟ್ಟುವುದನ್ನೇ ಬಿಟ್ಟಳು. ನನ್ನ ಕೈ ಒಳ್ಳೇದಲ್ಲ ಅನ್ನುತ್ತಿದ್ದಳು. ಸಮಾಧಾನ ಹೇಳಲು ಹೋದ ಭಾವನ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಅವರೂ ಹುಳುಮನೆಯ ಬಾಗಿಲು ತೆಗೆಯಲಿಲ್ಲ. ಅವಳು ಬಾರದೆ ನಾನು ಹಾರಲ್ಲ, ವಿಮಾನ ಇಲ್ಲೇ ಕೊಳೆತರೂ ಸರಿ ಅಂದರು. ಇಬ್ಬರ ಹಟದ ನಡುವೆ ನಾನು ಅಡಕೊತ್ತಿನಲ್ಲಿ ಸಿಕ್ಕ ಅಡಕೆಯಾದೆ.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಭಾವ ನನ್ನನ್ನು ಕಳಿಸಿ ಅಕ್ಕನನ್ನು ಹುಳುಮನೆಗೆ ಕರೆಸಿದರು. ಅವಳು ಹೊಸಲಿನಲ್ಲೇ ನಿಂತಳು. ವಿಮಾನದ ಮೂತಿಯ ಮೇಲೆ, ಕೊಳವೆಯಿಂದ ಮೊಳ ದೂರದಲ್ಲಿ, ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ಬಿಲ್ಲೆಯೊಂದು ಹೊಳೆಯುತ್ತಿತ್ತು. ಮುಖ್ತಾರನ ಅಂಗಡಿಯಲ್ಲಿ ಭಾವನೇ ಕೂತು ತಟ್ಟಿ, ಉಜ್ಜಿ, ತಂದು ಕೂರಿಸಿದ್ದು.

"ನೋಡು ಲಕ್ಷ್ಮಮ್ಮ, ಅದು ಮೂಗು. ಇದು ಹಣೆ" ಅಂದರು ಭಾವ. "ಗೊತ್ತಿಲ್ದೋರಿಗೆ ಹಣೆ ತೋರಿಸ್ದೆ ಇದ್ದಿದ್ದು ನನ್ನ ತಪ್ಪು. ನನ್ನ ವಾರ್ನಿಷ್ ನಿನ್ನ ಹುಳುಗಳ ಉಸಿರು ಕಟ್ಟಿಸ್ತು, ನಿನ್ನ ಕುಂಕುಮ ಇದರ ಉಸಿರು ಕಟ್ಟಿಸ್ತು. ಸರಿಗೆ ಸರಿ ಹೋಯ್ತು ಬಿಡು."

"ಏನು ಸರಿಹೋಯ್ತು?" ಅಕ್ಕ ಅಳತೊಡಗಿದಳು. "ಹುಳು ಸತ್ರೆ ಇನ್ನೊಂದು ಮೊಟ್ಟೆ ತಂದು ಮೇಯಿಸ್ತಿದ್ದೆ. ನಿಮ್ಮನ್ನ ಎಲ್ಲಿಂದ ತರ್ಲಿ?"

ಅವಳು ಅತ್ತು ಮುಗಿಸುವ ತನಕ ಭಾವ ಬಾಗಿಲ ಹತ್ತಿರ ನಿಂತಿದ್ದರು. ಆಮೇಲೆ, ಇನ್ನು ನೀನು ಬೇಡ ಅಂದ್ರೆ ಇದನ್ನ ಬಿಚ್ಚಿ ಪೆಟ್ಟಿಗೆಗೆ ಹಾಕ್ತೀನಿ ಕಣೇ, ಆಣೆ, ಅಂದರು. ಅವರು ಹೇಳಿದ್ದನ್ನು ಮಾಡುವವರು ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೊಸಲು ದಾಟಿ ಒಳಗೆ ಬಂದಳು. ವಿಮಾನವನ್ನು ಒಂದು ಸುತ್ತು ಹಾಕಿ, ನಾಲ್ಕು ವರ್ಷದಲ್ಲಿ ನೋಡದೆ ಬಿಟ್ಟದ್ದನ್ನೆಲ್ಲ ನಿಧಾನವಾಗಿ ನೋಡಿದಳು. ಇದೇನು, ಅದೇನು ಅಂತ ಒಂದೊಂದನ್ನೂ ಕೇಳಿದಳು. ಭಾವ ಶಾಲೆಯ ಹುಡುಗನ ಹಾಗೆ ಉತ್ತರ ಕೊಟ್ಟರು. ಕೊನೆಗೆ ಹೋಗಿ ಕುಂಕುಮದ ಬಟ್ಟಲು ತಂದು ಹಿತ್ತಾಳೆಯ ಬಿಲ್ಲೆಗೆ ಇಟ್ಟಳು.

"ನಾಳೆ ಹೋಗಿ. ಇವತ್ತು ಮಂಗಳವಾರ" ಅಂದಳು.

ಆಮೇಲೆ ಎಷ್ಟೋ ವರ್ಷ, ಕೆರೆಯಲ್ಲಿ ನೀರಿಲ್ಲದ ದಿನಗಳಲ್ಲಿ, ಭಾವ ಹಾರಿದರು. ಪ್ರತಿ ಸಲವೂ ಅವರ ಪರೀಕ್ಷೆ ಮುಗಿದ ಮೇಲೆ ಅಕ್ಕ ಬರುತ್ತಿದ್ದಳು. ಮೊದಲು ಹಣೆಗೆ ಕುಂಕುಮ. ಆಮೇಲೆ ಕೈ ತೊಳೆದುಕೊಂಡು, ಒಂದು ಕಣ್ಣು ಮುಚ್ಚಿ, ಬಗ್ಗಿ ಕೊಳವೆಯ ಬಾಯೊಳಗೆ ನೋಡುತ್ತಿದ್ದಳು. ಬೆಳಕು ಸಾಲದಿದ್ದರೆ ಮುಖ್ತಾರ್ ಟಾರ್ಚು ಹಿಡಿಯಬೇಕು. ಭಾವ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕಾಯುತ್ತಿದ್ದರು. ಅವಳಿಗೆ ಸಮಾಧಾನವಾಗಿ, ಪಕ್ಕಕ್ಕೆ ಸರಿದು, ಹೋಗ್ಬನ್ನಿ ಅನ್ನುವ ತನಕ ಅವರು ಎಂಜಿನ್ನು ಶುರು ಮಾಡುತ್ತಿರಲಿಲ್ಲ.