ಮಾವನ ಬಲಗಣ್ಣು

ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಮನುಷ್ಯರ ಮುಖ ಬರೆಯುವುದು ಅವಳಿಗೆ ಕೈವಶವಾಗಿದ್ದ ವಿದ್ಯೆ. ನೋಡಿದವರು ಮೂಗಿನ ಮೇಲೆ ಬೆರಳಿಟ್ಟು ಹೊಗಳುತ್ತಿದ್ದರು, ಆಮೇಲೆ ಬಂದ ದಾರಿ ಹಿಡಿಯುತ್ತಿದ್ದರು. ಕೊಳ್ಳುವವರು ಅಪರೂಪ. ಮಗಳು ಶಾಲೆಗೆ ಹೋಗತೊಡಗಿದ ವರ್ಷ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ಅವಳು ಸ್ನಾತಕೋತ್ತರ ತರಗತಿಗೆ ಸೇರಿದಳು. ಕೋರ್ಸಿನ ಹೆಸರು 'ಕಲಾವಿದರಿಗಾಗಿ ಸೃಜನಶೀಲ ಉದ್ಯಮಶೀಲತೆ'. ಅದರ ಅರ್ಜಿ ತಂದುಕೊಟ್ಟವರು ಮಾವ, ಅಂದರೆ ಗಂಡನ ತಂದೆ.

"ಇದನ್ನ ಓದಿ ಮುಗಿಸೋದಿರ್ಲಿ ಕಣಮ್ಮ, ಹೆಸರು ಹೇಳಿ ಮುಗಿಸೋಕೇ ಎರಡು ವರ್ಷ ಬೇಕು" ಎಂದು ನಕ್ಕಿದ್ದರು. ನಕ್ಕರೂ ಮರುದಿನದಿಂದ ಬೆಳಗಿನ ಅಡುಗೆಯನ್ನು ತಾವೇ ವಹಿಸಿಕೊಂಡರು. ಮೊಮ್ಮಗಳಿಗೆ ಜಡೆ ಹಾಕುವುದೂ ಅವರ ಪಾಲಿಗೆ ಬಂತು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ಆ ಮಗು ಅದನ್ನೇ ಹೆಮ್ಮೆಯಿಂದ ತೋರಿಸಿಕೊಂಡು ತಿರುಗುತ್ತಿತ್ತು.

ಮಾವ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವರು. ಅವಳು ಸೊಸೆಯಾಗಿ ಬರುವ ಮೊದಲೇ ಒಂದು ದಿನ ಮುಂದಿನ ಗಾಜು ಒಡೆದು ಚೂರೊಂದು ಬಲಗಣ್ಣಿಗೆ ಹೊಕ್ಕಿತು. ಕಣ್ಣೂ ಹೋಯಿತು, ಸ್ಟೀರಿಂಗೂ ಹೋಯಿತು. ಆ ಜಾಗದಲ್ಲಿ ಕೃತಕ ಕಣ್ಣು ಕೂರಿಸಿ ಕಳಿಸಿದ್ದರು. ಅಂದಿನಿಂದ ಅವರು ಮನೆಯೊಳಗೂ ಕಪ್ಪು ಕನ್ನಡಕ ತೆಗೆದದ್ದಿಲ್ಲ.

ತರಗತಿ ನಡೆಯುತ್ತಿದ್ದುದು ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಒಟ್ಟು ಹನ್ನೊಂದು ಜನ. ಕುಂಬಾರಿಕೆಯವರು, ನೃತ್ಯದವರು, ಕಾಗದದಲ್ಲಿ ದೀಪ ಮಾಡುವವನೊಬ್ಬ. ಎಲ್ಲರೂ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಕೊರಳಲ್ಲಿ ಸದಾ ನೇತಾಡುವ ಮಸೂರ ನೋಡಿ ಅವಳಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟರು. ಅವರಿಗೆ ಕಲಿಸುತ್ತಿದ್ದವರಿಗೂ ಒಂದು ಅಡ್ಡಹೆಸರಿತ್ತು, ಗುಂಡಿ ಮೇಡಂ. ಪಾಠ ಹೇಳಲು ಬರುವ ಮೊದಲು ಇಪ್ಪತ್ತು ವರ್ಷ ಅಂಗಿಗೆ ಹಾಕುವ ಗುಂಡಿಗಳ ಅಂಗಡಿ ನಡೆಸಿದ್ದರಂತೆ. ತಮ್ಮ ಪದವಿಗಳಿಗಿಂತ ಮೊದಲು ಅದನ್ನೇ ಹೇಳಿಕೊಳ್ಳುತ್ತಿದ್ದರು.

ಮೊದಲ ತಿಂಗಳೇ ಮೇಡಂ ಒಂದು ಕೆಲಸ ಕೊಟ್ಟರು. "ಹತ್ತು ಜನರನ್ನ ಭೇಟಿ ಮಾಡಿ. ನಿಮ್ಮ ಕಲೆ ತೋರಿಸ್ಬೇಡಿ, ಏನೂ ಮಾರಬೇಡಿ. ದಿನಾ ಕಣ್ಣಿಗೆ ಬಿದ್ದು ಮನಸ್ಸಿಗೆ ಚುಚ್ಚೋದು ಏನಾದ್ರೂ ಇದೆಯಾ ಅಂತ ಕೇಳಿ. ಆಮೇಲೆ ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳಿ. ಅವರು ಹೇಳಿದ ಮಾತನ್ನೇ ಬರ್ಕೊಂಡು ಬನ್ನಿ."

ಅವಳಿಗೆ ಮೊದಲಿಂದಲೂ ಅಪರಿಚಿತರೆಂದರೆ ಸಂಕೋಚ. ಹೇಗೋ ಏಳು ಜನರನ್ನು ಮಾತಾಡಿಸಿದಳು. ಉಳಿದ ಮೂವರನ್ನು ಅಡುಗೆಮನೆಯ ಮೇಜಿನ ಮೇಲೇ ಹುಟ್ಟಿಸಿ, ಅವರ ಬಾಯಿಗೆ ಅಂದವಾದ ಮಾತು ತುಂಬಿ, ಹಾಳೆ ಒಪ್ಪಿಸಿದಳು.

ಎರಡು ದಿನ ಬಿಟ್ಟು, ತರಗತಿ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಮೇಡಂ ಅವಳನ್ನು ನಿಲ್ಲಿಸಿಕೊಂಡರು. "ಈ ಏಳು ಜನ ಒಬ್ಬೊಬ್ಬರು ಒಂದೊಂದು ಥರ ಮಾತಾಡ್ತಾರೆ. ಈ ಮೂವರು ಮಾತ್ರ ಥೇಟ್ ನಿಮ್ಮ ಹಾಗೇ ಮಾತಾಡ್ತಾರಲ್ಲ?"

ಅವಳ ಮುಖ ಕೆಂಪಾಯಿತು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳೇನೋ. ಮೇಡಂ ಬೈಯಲಿಲ್ಲ. ಮೂರೂ ಹಾಳೆಗಳನ್ನು ಬೇರ್ಪಡಿಸಿ ಅವಳ ಕೈಗೇ ಕೊಟ್ಟರು. "ನಾನೂ ಮೊದಲ ವರ್ಷ ಹೀಗೇ ಮಾಡಿದ್ದೆ. ಊರಿಗೆಲ್ಲ ಯಾವ ಗುಂಡಿ ಬೇಕು ಅಂತ ನಾನೇ ಊಹೆ ಮಾಡಿ ನಾಲ್ಕು ಚೀಲ ತರಿಸಿದೆ. ಆ ಚೀಲಗಳು ಇನ್ನೂ ನಮ್ಮನೆ ಅಟ್ಟದ ಮೇಲಿವೆ. ಒಂದು ವಾರ ಟೈಮ್ ತಗೊಳ್ಳಿ."

ಮನೆಗೆ ಬಂದಾಗ ಮಾವ ಈರುಳ್ಳಿ ಸುಲಿಯುತ್ತಿದ್ದರು. ಅವಳ ಮುಖ ನೋಡಿ ಚಾಕು ಕೆಳಗಿಟ್ಟರು. ಅವಳು ಮುಚ್ಚುಮರೆಯಿಲ್ಲದೆ ನಡೆದದ್ದನ್ನೆಲ್ಲ ಹೇಳಿದಳು.

"ಮೂರು ಜನ ತಾನೇ ಕಮ್ಮಿ? ನನ್ನನ್ನೂ ಲೆಕ್ಕಕ್ಕೆ ತಗೋ. ಇನ್ನು ಇಬ್ರೇ" ಎಂದರು ಮಾವ.

"ನೀವು ಮನೆಯವರು, ಮಾವ."

"ಮನೆಯವರನ್ನ ಕೇಳಬಾರದು ಅಂತ ನಿಮ್ಮ ಮೇಡಂ ಹೇಳಿದ್ರಾ?"

ಹೇಳಿರಲಿಲ್ಲ. ಅವಳು ಪುಸ್ತಕ ತೆರೆದು ಆ ಪ್ರಶ್ನೆಯನ್ನು ಕೇಳಿದಳು. ತಮಾಷೆ ಮಾಡುತ್ತಾರೆಂದುಕೊಂಡಿದ್ದಳು. ಮಾವ ಇನ್ನೊಂದು ಈರುಳ್ಳಿ ಎತ್ತಿಕೊಂಡು, ಸುಲಿಯದೆ ಕೈಯಲ್ಲೇ ತಿರುಗಿಸುತ್ತ ಕೂತರು. ಏನಾದರೂ ಹೇಳಿ ಆ ಮೌನ ಮುರಿಯಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಎಲ್ಲರೂ ನನ್ನ ಎಡಗಡೆನೇ ಕೂತ್ಕೋತಾರೆ" ಎಂದರು ಮಾವ ಕೊನೆಗೆ. "ನೀನು, ನಿನ್ನ ಗಂಡ, ಮಗು ಕೂಡ. ಬೇಕಂತ ಮಾಡಲ್ಲ, ನನಗೆ ಗೊತ್ತು. ಆದ್ರೆ ಬಲಗಡೆ ಕುರ್ಚಿ ಯಾವಾಗ್ಲೂ ಖಾಲಿ. ಕಾಣೋದಿಲ್ಲ ಅನ್ನೋ ಬೇಜಾರಿಗಿಂತ ಅದು ಜಾಸ್ತಿ."

ಕನ್ನಡಕ ತೆಗೆದರು. ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದೂ ಅವಳು ಆ ಮುಖವನ್ನು ನೇರವಾಗಿ ನೋಡಿರಲಿಲ್ಲ. ಎಡಗಣ್ಣು ತಿಳಿಯಾದ ಕಂದು, ಅದರೊಳಗೆ ಜೇನಿನ ಬಣ್ಣದ ಸಣ್ಣ ಗೆರೆಗಳು. ಬಲಗಡೆಯದು ಗೊಂಬೆಗೆ ಇಟ್ಟಂಥ ಕಪ್ಪು ಕಣ್ಣು.

"ಈ ಕಣ್ಣು ಎಲ್ಲಿ ಕೊಟ್ರು, ಮಾವ?" ಎಂದು ಮಾತ್ರ ಕೇಳಿದಳು.

ಕೃತಕ ಕಣ್ಣು ಮಾಡುವವನ ಕೋಣೆ ಕಣ್ಣಾಸ್ಪತ್ರೆಯ ಹಿಂಭಾಗದಲ್ಲಿತ್ತು. ಉದ್ದನೆಯ ಮೇಜು, ಹೊಳಪು ಕೊಡುವ ಯಂತ್ರ, ಉತ್ತರಕ್ಕೊಂದು ಕಿಟಕಿ. ಕೆಲಸಗಾರ ಸಿಡುಕನಂತೆ ಕಂಡ. ಅವಳು ಪ್ರಶ್ನೆ ಕೇಳಿದಾಗ ಡ್ರಾಯರ್ ಎಳೆದು ತೋರಿಸಿದ. ಸಾಲು ಸಾಲಾಗಿ ಕಣ್ಣುಗಳು.

"ಇದೇ ನನಗೆ ಚುಚ್ಚೋದು. ಇದರಲ್ಲಿ ಬಣ್ಣಕ್ಕೆ ಹತ್ತಿರದ್ದು ಯಾವುದೋ ಅದನ್ನ ಕೊಟ್ಟು ಕಳಿಸ್ತೀನಿ. ಮೊದಲು ಒಬ್ಬರು ಹಿರಿಯರಿದ್ರು, ಎದುರಿಗೆ ಕೂರಿಸ್ಕೊಂಡು, ಇರೋ ಕಣ್ಣು ನೋಡಿ ಅದೇ ಬಣ್ಣದ ಪಾಪೆ ಬರೀತಿದ್ರು. ಅವರ ಕೈ ನಡುಗೋಕೆ ಶುರುವಾಯ್ತು, ಬಿಟ್ಟು ಹೋದ್ರು. ಆಮೇಲೆ ಯಾರೂ ಸಿಗ್ಲಿಲ್ಲ."

ಹೊರಗಿನ ಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬಳೂ ಮಾತಿಗೆ ಸಿಕ್ಕಳು. ಹತ್ತು ಜನ ಆದರು. ಹಾಳೆಗಳನ್ನು ಓದಿದ ಮೇಡಂ, "ಈಗ ನಿಮ್ಮ ಭೂತಗನ್ನಡಿ ಎತ್ಕೊಂಡು ಆ ಕೋಣೆಗೆ ವಾಪಸ್ ಹೋಗಿ" ಎಂದರು.

ಹೋದಳು. ಆತ ಪಾಪೆ ಬರೆಯುವ ಚಿಕ್ಕ ಬಿಲ್ಲೆಗಳನ್ನು ಕೊಟ್ಟು, ಬಣ್ಣ ಕಲಸುವುದನ್ನು ತೋರಿಸಿಕೊಟ್ಟ. ಮೇಲೆ ಗಾಜಿನಂಥ ಪದರ ಕೂತರೆ ಬಣ್ಣ ಬೇರೆಯಾಗಿ ಕಾಣುತ್ತದೆ, ಆದ್ದರಿಂದ ಒಂದು ಹನಿ ನೀರಿಟ್ಟು ನೋಡಬೇಕು ಎಂದ. ಬಿಳಿಭಾಗದ ನರಗಳನ್ನು ಕುಂಚದಿಂದ ಬರೆಯುವುದಿಲ್ಲ, ಕೂದಲಿಗಿಂತ ತೆಳುವಾದ ಕೆಂಪು ರೇಷ್ಮೆ ಎಳೆ ಅಂಟಿಸುತ್ತಾರೆ. ಆತ ಸಿಡುಕನಲ್ಲ, ಒಬ್ಬನೇ ಕೆಲಸ ಮಾಡಿ ಮಾಡಿ ಮಾತು ಮರೆತವನು ಎಂದು ಅವಳಿಗೆ ತಿಳಿಯಿತು.

ಮಾವನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ನಿನ್ನ ಪರೀಕ್ಷೆ ನನ್ನ ಕಣ್ಣಲ್ಲಿ ಬರೀತೀಯಾ?" ಎಂದು ಒಂದು ತಿಂಗಳು ತಳ್ಳಿದರು. ಕೊನೆಗೊಂದು ಬೆಳಿಗ್ಗೆ ತಾವಾಗಿಯೇ ಆ ಕೋಣೆಗೆ ಬಂದು ಕಿಟಕಿಯ ಬಳಿ ಕೂತರು. ಮೊದಲನೆಯದು ಕೆಂಪಾಯಿತು. ಎರಡನೆಯದಕ್ಕೆ ಮಾವ, "ಇದು ನಮ್ಮ ಡಿಪೋ ಮ್ಯಾನೇಜರ್ ಕಣ್ಣು, ನನಗೆ ಬೇಡ" ಎಂದರು. ಮೂರನೆಯದರಲ್ಲಿ ಗೆರೆಗಳು ಅತಿಯಾದವು. ಆದರೆ ಆ ನಾಲ್ಕು ಬೆಳಗುಗಳಲ್ಲಿ ಅವಳು ಮೊದಲ ಸಲ ಅವರ ಎಡಗಣ್ಣನ್ನು ಮನಸಾರೆ ನೋಡಿದಳು. ತನ್ನನ್ನು ಓದಲು ಕಳಿಸಿ ಹಿಟ್ಟಿನ ಕೈಯಲ್ಲೇ ಬಾಗಿಲ ತನಕ ಬರುತ್ತಿದ್ದ ಮನುಷ್ಯ ಇವರು. ಅದು ನೆನಪಾದಾಗ ಕುಂಚ ಕೆಳಗಿಟ್ಟು ಕಣ್ಣೊರೆಸಿಕೊಳ್ಳಬೇಕಾಯಿತು. "ಒಂದು ಕಣ್ಣು ಮಾಡೋಕೆ ನೀನು ಎರಡು ಕಣ್ಣಲ್ಲಿ ನೀರು ಹಾಕ್ಬೇಡ" ಎಂದರು ಮಾವ. ನಾಲ್ಕನೆಯದು ಕೂತಿತು.

ಹೊಸ ಕಣ್ಣು ಹಾಕಿಕೊಂಡ ವಾರ ಮಾವ ಕನ್ನಡಕವಿಲ್ಲದೆ ಬೀದಿಯ ತುದಿಯ ಚಹಾ ಅಂಗಡಿಗೆ ಹೋದರು. ಹಳೆಯ ಕಂಡಕ್ಟರ್ ಗೆಳೆಯ ಅರ್ಧ ಗಂಟೆ ಎದುರಿಗೇ ಕೂತು ಹರಟಿದನಂತೆ. ಏಳುವಾಗ ಮಾತ್ರ, "ಏನೋ ಬೇರೆ ಥರ ಕಾಣ್ತಿದ್ದೀಯಲ್ಲೋ, ಮೀಸೆ ಕತ್ತರಿಸಿದ್ಯಾ?" ಎಂದನಂತೆ. ಮಾವ ಈ ಮಾತನ್ನು ಮನೆಯಲ್ಲಿ ಮೂರು ಸಲ ಹೇಳಿದರು. ಮೂರು ಸಲವೂ ಎಲ್ಲರೂ ನಕ್ಕರು.

ಎರಡನೆಯ ವರ್ಷದ ಕೊನೆಯಲ್ಲಿ ಅವಳು ಪರೀಕ್ಷಕರ ಮುಂದೆ ತನ್ನ ಯೋಜನೆ ಹೇಳಿದಳು. ವಾರಕ್ಕೆ ಮೂರು ಕಣ್ಣು, ಆ ಕೋಣೆಯಲ್ಲೇ, ಕೆಲಸಗಾರನ ಜೊತೆ ಪಾಲುದಾರಿಕೆ. ಇದು ಮುಂದೆ ದೊಡ್ಡದಾಗುವುದು ಹೇಗೆ ಎಂದು ಒಬ್ಬರು ಕೇಳಿದರು. "ಇನ್ನೊಬ್ಬರಿಗೆ ಕಲಿಸ್ತೀನಿ. ಆಗ ಆರು ಆಗುತ್ತೆ" ಎಂದಳು. ಆ ಉತ್ತರಕ್ಕೆ ಅಂಕ ಹೆಚ್ಚು ಬರಲಿಲ್ಲ, ಆದರೂ ಪಾಸಾದಳು. ಕಾರಿಡಾರಿನಲ್ಲಿ ಅವಳು ಗುಂಡಿ ಮೇಡಂ ಕೈ ಹಿಡಿದುಕೊಂಡು, ಮನೆಯಲ್ಲಿ ಅಣಿ ಮಾಡಿಕೊಂಡು ಬಂದಿದ್ದ ಮಾತನ್ನೆಲ್ಲ ಮರೆತು, "ಅವತ್ತು ನೀವು ಬೈದಿದ್ರೆ ನಾನು ಕಾಲೇಜು ಬಿಡ್ತಿದ್ದೆ, ಮೇಡಂ" ಎಂದಷ್ಟೇ ಹೇಳಿದಳು.

"ಗೊತ್ತಿತ್ತು ಕಣ್ರೀ. ಅದಕ್ಕೇ ಬೈಲಿಲ್ಲ" ಎಂದು ಮೇಡಂ ಅವಳ ಬೆನ್ನು ತಟ್ಟಿದರು.

ಈಗ ವಾರದಲ್ಲಿ ಮೂರು ದಿನ ಅವಳು ಆ ಕೋಣೆಯಲ್ಲಿರುತ್ತಾಳೆ. ಹೋದ ಮಂಗಳವಾರ ಶಾಲೆಯೊಂದರ ಸಂಗೀತದ ಟೀಚರೊಬ್ಬರು ತಮ್ಮ ಹೊಸ ಕಣ್ಣಿಗೆ ಬಂದಿದ್ದರು. ಬೂದುಹಸಿರು ಬಣ್ಣ, ಎಂಟು ಬಿಲ್ಲೆ ಹಾಳಾಗಿದ್ದವು. ಕನ್ನಡಿಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಕಿಟಕಿಯ ಬೆಳಕಿಗೆ ತಿರುಗಿ ಮತ್ತೊಮ್ಮೆ ನೋಡಿದರು. ಆಮೇಲೆ ಕನ್ನಡಿ ಕೆಳಗಿಟ್ಟರು. ಬಣ್ಣ ಮೆತ್ತಿದ ಅವಳ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತರು. ಕೆಲಸಗಾರ ಯಂತ್ರ ನಿಲ್ಲಿಸಿ, ಎಲ್ಲರಿಗೂ ಚಹಾ ತರುತ್ತೇನೆಂದು ಹೊರಗೆ ಹೋದ.