ನಂಬರು ಉಜ್ಜಿದ ಐಸಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದೆಂದು ಮೆಲ್ಕಾರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಇಬ್ಬರು ಕೂರುವ ಮೇಜಿನಲ್ಲಿ ಆರು ವರ್ಷ ಒಬ್ಬನೇ ಕೂತು ರೇಡಿಯೋ ರಿಪೇರಿ ಮಾಡಿದವನಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ಅಂಗಡಿಯ ಬೋರ್ಡಿನಲ್ಲಿ ಈಗಲೂ ಎರಡು ಹೆಸರು ಉಂಟು: ಕೃಷ್ಣಕುಮಾರ, ಅಬ್ದುಲ್ ಸಮದ್. ಎರಡನೆಯದರ ಬಣ್ಣ ಮಾಸಿದಾಗಲೆಲ್ಲ ನಾನೇ ಏಣಿ ಹತ್ತಿ ತಿದ್ದುತ್ತೇನೆ. ಕೆಳಗೆ ನಿಂತು ನಗುವವರು ನಗುತ್ತಾರೆ.

ಎಪ್ಪತ್ತೇಳರಲ್ಲಿ ನಾವು ಶುರು ಮಾಡಿದ್ದು ರಿಪೇರಿಯನ್ನಲ್ಲ, ಆಂಪ್ಲಿಫೈಯರನ್ನು. ಮದುವೆ ಚಪ್ಪರದಲ್ಲಿ ಕಿವಿ ಹರಿಯುವಂತೆ ಕೂಗುವ ಡಬ್ಬಗಳಲ್ಲ. ರೆಕಾರ್ಡಿನಲ್ಲಿ ಏನುಂಟೋ ಅದನ್ನು ಮಾತ್ರ, ಒಂದು ಚೂರೂ ಹೆಚ್ಚು ಕಡಿಮೆಯಾಗದೆ, ದೊಡ್ಡದು ಮಾಡಿ ಕೇಳಿಸುವಂಥದ್ದು. ಅದರ ಜೀವವೆಲ್ಲ ಇದ್ದದ್ದು ಬೆಂಕಿಪೆಟ್ಟಿಗೆಯ ಅರ್ಧದಷ್ಟಿರುವ, ಐಸಿ ಎಂಬ ಕರಿ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ; ಎಡ ಸ್ಪೀಕರಿಗೊಂದು, ಬಲಕ್ಕೊಂದು. ಸಮದನ ಭಾವ ಹಡಗಿನಲ್ಲಿ ಕೆಲಸಕ್ಕಿದ್ದವರು ಜಪಾನಿನಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದರು, ಎರಡು ಡಜನ್. ದೊಡ್ಡ ಕಂಪೆನಿಯದ್ದಲ್ಲ. ಇಪ್ಪತ್ತು ಜನ ಕೂತು ಮಾಡುವ ಯಾವುದೋ ಸಣ್ಣ ಜಾಗದ್ದಂತೆ. ಅಂಥ ಶಬ್ದವನ್ನು ನಾನು ಆಮೇಲೆ ಎಲ್ಲಿಯೂ ಕೇಳಲಿಲ್ಲ.

ಮೂಡುಬಿದಿರೆಯಲ್ಲಿ ಸಂಗೀತ ಕಲಿಸುವ ವಾಗ್ದೇವಿ ಟೀಚರಿಗೆ ಒಂದು ಮಾಡಿಕೊಟ್ಟೆವು. ಅವರು ವೀಣೆಯ ರೆಕಾರ್ಡು ಹಾಕಿ, ಕಣ್ಣು ಮುಚ್ಚಿ ಕೂತು, "ತಂತಿಯ ಮೇಲೆ ಬೆರಳು ಜಾರುವುದೂ ಕೇಳ್ತದೆ, ಕೃಷ್ಣಕುಮಾರರೇ" ಎಂದರು. ಬೆಳ್ತಂಗಡಿಯ ಜತ್ತಪ್ಪನವರಿಗೆ ಒಂದು. ಹೀಗೆ ಒಟ್ಟು ಹನ್ನೆರಡು. ಹೆದರಿಕೆಯಂತೂ ಮೊದಲನೆಯದನ್ನು ಮಾಡುವ ಮೊದಲೇ, ಐಸಿಯ ಪೆಟ್ಟಿಗೆ ಸಮದನ ಮನೆಯಿಂದ ಅಂಗಡಿಗೆ ಬರುವ ಮೊದಲೇ, ಶುರುವಾಗಿತ್ತು. ಪೇಟೆಯ ದೊಡ್ಡ ಅಂಗಡಿಯವರು ಒಂದನ್ನು ಬಿಚ್ಚಿ ನೋಡಿದರೆ ಮರುದಿನ ಅವರೂ ಮಾಡಬಹುದು. ಅದಕ್ಕೆ ಈ ಕೆಲಸದಲ್ಲಿ ಎಲ್ಲರೂ ಮಾಡುವ ಉಪಾಯವನ್ನೇ ನಾವೂ ಮಾಡಿದೆವು: ಐಸಿಯ ಮೇಲಿನ ನಂಬರನ್ನು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆಯುವುದು. ನಂಬರಿಲ್ಲದ ಐಸಿಗೆ ಊರಿಲ್ಲ, ಹೆಸರಿಲ್ಲ. ಇನ್ನೊಂದು ಬೇಕೆಂದರೆ ಏನೆಂದು ಕೇಳುವುದು?

ಆದರೆ ಸಮದ ಒಂದು ಹೆಜ್ಜೆ ಮುಂದೆ ಹೋದ. "ನಂಬರು ನನಗೊಬ್ಬನಿಗೇ ಗೊತ್ತಿರಲಿ, ಮಾರಾಯ. ಮನೆಯಲ್ಲೇ ಉಜ್ಜಿ ತರ್ತೇನೆ. ಸುತ್ತಲಿನ ರೆಸಿಸ್ಟರುಗಳ ಲೆಕ್ಕ ನಿನಗೊಬ್ಬನಿಗೇ ಗೊತ್ತಿರಲಿ. ಆಗ ನಿನ್ನನ್ನು ಬಿಟ್ಟು ನಾನು ಮಾಡ್ಲಿಕ್ಕೆ ಆಗುವುದಿಲ್ಲ, ನನ್ನನ್ನು ಬಿಟ್ಟು ನೀನೂ ಆಗುವುದಿಲ್ಲ."

ನನಗೆ ಅದು ಎಷ್ಟು ಹಿಡಿಸಿತೆಂದರೆ, ಅಂದಿನಿಂದ ರೆಸಿಸ್ಟರಿನ ಅಳತೆ ಹೇಳುವ ಬಣ್ಣದ ಪಟ್ಟೆಗಳಿಗೆಲ್ಲ ಮನೆಯಲ್ಲೇ ಕರಿ ಪೈಂಟು ಬಳಿದು ತಂದೆ. ಮದುವೆಯಲ್ಲಿ ಹಾರ ಬದಲಾಯಿಸಿಕೊಂಡವರೂ ಅಷ್ಟು ಖುಷಿಪಟ್ಟಿರಲಿಕ್ಕಿಲ್ಲ.

ಐಸಿ ಮುಗಿಯಿತು. ಭಾವ ಹಡಗು ಬಿಟ್ಟರು. ಎಂಬತ್ತರಲ್ಲಿ ಸಮದ ದುಬೈಗೆ ಹೊರಟ. "ಎರಡು ವರ್ಷ. ಅಲ್ಲಿ ಎಲ್ಲ ಸಿಕ್ತದೆ. ಐಸಿ ತಗೊಂಡು ಬರ್ತೇನೆ, ದೊಡ್ಡದಾಗಿ ಮಾಡುವ" ಎಂದ. ರಜೆಯಲ್ಲಿ ಎರಡು ಸಲ ಬಂದ. ನಲವತ್ತು ದಿನದಲ್ಲಿ ಮೂವತ್ತು ದಿನ ಮದುವೆಗಳಿಗೇ ಹೋಯಿತು. ಉಳಿದದ್ದರಲ್ಲಿ ನನ್ನ ಅಂಗಡಿಗೆ ಬಂದು, ತನ್ನ ಹಳೇ ಸ್ಟೂಲಿನಲ್ಲಿ ಕೂತು, ಸೀಸ ಕರಗುವ ವಾಸನೆಯನ್ನು ಮೂಗು ತುಂಬ ಎಳೆದುಕೊಂಡು, "ಮುಂದಿನ ಸಲ ಶುರು ಮಾಡುವ" ಎಂದು ಎದ್ದು ಹೋದ. ಅವನು ಹೋದ ಮೇಲೆ ಆ ಸ್ಟೂಲಿನಲ್ಲಿ ಕೂತ ಗಿರಾಕಿಗಳಿಗೆಲ್ಲ ನಾನು ಬೈದಿದ್ದೇನೆ.

ಎಂಬತ್ತೈದರ ಮೇ ತಿಂಗಳಲ್ಲಿ ಸಿಡಿಲಿಗೆ ವಾಗ್ದೇವಿ ಟೀಚರ ಐಸಿ ಹೋಯಿತು. "ಬರ್ತದೆ ಟೀಚರ್, ಹೇಳಿ ಕಳಿಸಿದ್ದೇನೆ" ಎಂದೆ. ಹಸಿ ಸುಳ್ಳು. ಯಾರಿಗೂ ಹೇಳಿ ಕಳಿಸಿರಲಿಲ್ಲ. ಸಮದನಿಗೆ ಒಂದು ಸಾಲು ಬರೆದರೆ ಸಾಕಿತ್ತು, ನಂಬರು ಕೊಡುತ್ತಿದ್ದ. ಅದೇ ನನ್ನ ಹೆದರಿಕೆ. ಕೇಳಿದರೆ ಕೊಟ್ಟುಬಿಡುತ್ತಾನೆ. ಕೊಟ್ಟ ಮೇಲೆ ಅವನು ಯಾಕೆ ಬರಬೇಕು? ಟೀಚರು ಬಸ್ಸು ಹಿಡಿದು ನಾಲ್ಕು ಸಲ ಬಂದರು. ನಾಲ್ಕನೇ ಸಲ, "ನೀವು ಐಸಿಯನ್ನು ಕಾಯ್ತಾ ಇದ್ದೀರೋ, ಐಸಿ ತರುವ ಜನವನ್ನೋ?" ಎಂದು ಕೇಳಿ ಬಸ್ಸು ಹತ್ತಿದರು.

ಮರುವರ್ಷ ಅದೇ ಮೇ ತಿಂಗಳ ಸಿಡಿಲು ನರಿಕೊಂಬಿಗೂ ಬಂತು. ನಾವು ಮಾಡಿದ ಮೊದಲ ಆಂಪ್ಲಿಫೈಯರ್ ಇದ್ದದ್ದು ಅಲ್ಲಿ, ಸಮದನ ತಾಯಿ ಅವ್ವಮ್ಮನವರ ಹತ್ತಿರ. ನಾನು ಅವರನ್ನು ಉಮ್ಮ ಎಂದೇ ಕರೆಯುವುದು. ಉಮ್ಮ ಮಗಳ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಬೀಡಿ ಕಟ್ಟುತ್ತಾ ಇರುವವರು. ಸಮದ ಕಾಗದ ಬರೆಯುವುದು ಕಡಿಮೆ. ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಅದನ್ನು ಹಾಕಿದರೆ ಉಮ್ಮ ಬೀಡಿಯ ಕತ್ತರಿ ಕೆಳಗಿಟ್ಟು, ಮಕ್ಕಳನ್ನು ಗದರಿಸಿ ಸುಮ್ಮನಾಗಿಸಿ ಕೂರುತ್ತಿದ್ದರು.

ಆಂಪ್ಲಿಫೈಯರ್ ಬಿಚ್ಚಿ ನೋಡಿದೆ. ಎರಡೂ ಐಸಿ ಸುಟ್ಟಿದ್ದವು. ನಾಲ್ಕು ದಿನ ಕೂತು, ಪೇಟೆಯಲ್ಲಿ ಸಿಗುವ ಬೇರೆ ಐಸಿಗೆ ಬೇರೆ ಸರ್ಕಿಟ್ ಬೋರ್ಡು ಮಾಡಿ ಹಾಕಿಕೊಟ್ಟೆ. ಶಬ್ದ ಜೋರಾಗಿಯೇ ಬಂತು. ಉಮ್ಮ ಅರ್ಧ ಕೇಳಿ ಕೈ ಎತ್ತಿದರು.

"ಇದು ಅವನಲ್ಲ, ಮಗಾ."

"ಅವನೇ ಉಮ್ಮ, ಅದೇ ಕ್ಯಾಸೆಟ್ಟು."

"ಉಮ್ಮಾ ಅಂತ ಕರೆಯುವ ಮೊದಲು ಅವನು ಒಂದು ಉಸಿರು ತೆಗೀತಾನೆ. ಸಣ್ಣದಿರುವಾಗ ಅತ್ತು ಬಂದು ನಿಲ್ತಿದ್ದನಲ್ಲ, ಹಾಗೆ. ಅದು ಮೊದಲು ಕೇಳ್ತಿತ್ತು. ಈಗ ಇಲ್ಲ. ರೇಡಿಯೋದಲ್ಲಿ ಯಾರೋ ವಾರ್ತೆ ಓದಿದ ಹಾಗೆ ಉಂಟು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಟೀಚರಿಗೆ ಹೇಳಿದ ಸುಳ್ಳು ಇವರಿಗೆ ಹೇಳಲು ಬಾಯಿ ಬರಲಿಲ್ಲ. ಆ ದಿನವೇ ಸಮದನಿಗೆ ಬರೆದೆ: ಉಮ್ಮನ ಆಂಪ್ಲಿಫೈಯರ್ ಹೋಗಿದೆ, ಐಸಿ ಎರಡು ಕಳಿಸು. ನಂಬರು ಕಳಿಸೆಂದು ಬರೆಯಲಿಲ್ಲ.

ಮೂರು ತಿಂಗಳ ಮೇಲೆ ಪಾಣೆಮಂಗಳೂರಿನ ಮಮ್ಮು ದುಬೈಯಿಂದ ರಜೆಗೆ ಬಂದವನು ಒಂದು ಅತ್ತರಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಅದಕ್ಕೆ ಒಂದು ಕಾಗದ ಸುತ್ತಿ ರಬ್ಬರ್ ಬ್ಯಾಂಡು ಹಾಕಿತ್ತು.

"ಊರಿಗೆ ಬಂದು ಹತ್ತು ದಿನ ಆಯ್ತಲ್ಲ ನೀನು? ಇವತ್ತಾ ತರುವುದು?" ಎಂದು ಬೈದೆ.

"ಸಮದಾಕ ಹೇಳಿದ್ರು, ಕೊಟ್ಟ ಕೂಡಲೇ ಬೈಗುಳ ಸಿಕ್ತದೆ ಅಂತ" ಎಂದು ನಕ್ಕು, ಚಾ ಕೂಡ ಕುಡಿಯದೆ ಹೋದ.

ಕಾಗದ ಬಿಡಿಸಿದೆ. ಸಮದನ ಕೈಬರಹ, ಶಾಲೆಯಲ್ಲಿ ಇದ್ದಂತೆಯೇ ಗುಂಡಗೆ.

"ಕೃಷ್ಣಾ, ಈ ಸಲ ಉಜ್ಜಿಲ್ಲ. ನಂಬರು ಐಸಿಯ ಮೇಲೆಯೇ ಉಂಟು, ಕಂಪೆನಿಯ ಹೆಸರೂ ಉಂಟು, ನೋಡಿ ಬರೆದಿಟ್ಟುಕೋ. ನೀನು ನೇರ ಅವರಿಗೇ ಬರೆದು ತರಿಸಬಹುದು. ಇನ್ನು ನನ್ನನ್ನು ಕಾಯಬೇಡ. ಶಾರ್ಜಾದಲ್ಲಿ ಒಂದು ಅಂಗಡಿಗೆ ಪಾಲುದಾರನಾಗಿದ್ದೇನೆ. ಊರಿಗೆ ಬಂದು ಕೂರುವುದು ಆಗುವ ಮಾತಲ್ಲ. ಉಮ್ಮನಿಗೆ ನಾನೇ ರಜೆಗೆ ಬಂದಾಗ ಹೇಳ್ತೇನೆ, ನೀನು ಹೇಳಬೇಡ. ಗುಟ್ಟಿನಲ್ಲಿ ನನ್ನ ಅರ್ಧ ನಿನಗೇ ಇರಲಿ."

ಮೊದಲು ಸಿಟ್ಟು ಬಂತು. ಪಾಲುದಾರ ಎಂಬ ಮಾತನ್ನು ಇನ್ನೊಬ್ಬನ ಅಂಗಡಿಗೆ ಬರೆದಿದ್ದಾನಲ್ಲ ಎಂದು ಹೊಟ್ಟೆ ಉರಿಯಿತು. ಅವನ ಅರ್ಧ ಯಾರಿಗೆ ಬೇಕಿತ್ತು? ನನಗೆ ಬೇಕಾಗಿದ್ದದ್ದು ಅವನು.

ಪೆಟ್ಟಿಗೆ ತೆರೆದೆ. ಕರಿ ಸ್ಪಂಜಿನಲ್ಲಿ ಎರಡು ಐಸಿ, ಮೇಲೆ ಬಿಳಿ ಅಕ್ಷರ. ಮೊದಲ ಅಕ್ಷರ ಏನೆಂದು ಕಣ್ಣಿಗೆ ಹತ್ತುವ ಮೊದಲೇ ಹೆಬ್ಬೆರಳು ಅಡ್ಡ ಇಟ್ಟೆ. ಒಂಬತ್ತು ವರ್ಷದಿಂದ ತಿಳಿಯದೆ ಇದ್ದದ್ದು ಬೆರಳಿನಡಿಯಲ್ಲಿತ್ತು. ವಾಗ್ದೇವಿ ಟೀಚರ ಮುಖ ನೆನಪಾಯಿತು. ಬೆರಳು ತೆಗೆದರೆ ಅವರದ್ದೂ ಸರಿಯಾಗುತ್ತದೆ. ಇನ್ನೂ ನೂರು ಆಂಪ್ಲಿಫೈಯರ್ ಮಾಡಬಹುದು, ಬೋರ್ಡಿನಲ್ಲಿ ಒಂದೇ ಹೆಸರು ಇಟ್ಟುಕೊಂಡು.

ಎಡಗೈಯಲ್ಲಿ ಮೇಜಿನ ಖಾನೆ ಎಳೆದೆ. ಸಮದ ಬಿಟ್ಟು ಹೋದ ಪಾಲಿಶ್ ಪೇಪರಿನ ತುಂಡೊಂದು ಅಲ್ಲಿ ಇನ್ನೂ ಇತ್ತು. ಅದನ್ನು ಮೇಜಿನ ಮೇಲೆ ಹಾಸಿ, ಐಸಿಯನ್ನು ಮುಖ ಕೆಳಗೆ ಮಾಡಿ ಉಜ್ಜಿದೆ. ಒಂದಾದ ಮೇಲೆ ಇನ್ನೊಂದು. ತಿರುಗಿಸಿ ನೋಡಿದಾಗ ಎರಡೂ ಬೋಳು. ಸಮದನಷ್ಟು ನಯವಾಗಿ ನನಗೆ ಬರಲಿಲ್ಲ, ಗೀರುಗಳು ಬಿದ್ದಿದ್ದವು.

ಮರುದಿನ ಬೆಳಿಗ್ಗೆ ನರಿಕೊಂಬಿಗೆ ಹೋಗಿ ಹಳೇ ಬೋರ್ಡಿಗೆ ಅವನ್ನು ಕೂರಿಸಿ ಕ್ಯಾಸೆಟ್ಟು ಹಾಕಿದೆ. ಉಮ್ಮ ಕತ್ತರಿ ಕೆಳಗಿಟ್ಟರು. ಮಕ್ಕಳು ಸುಮ್ಮನಾದರು. ಮೊದಲು ಟೇಪಿನ ಸಣ್ಣ ಸರಸರ. ಆಮೇಲೆ ಸಮದ ಉಸಿರು ಎಳೆದುಕೊಂಡ, ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಷ್ಟು ಹತ್ತಿರದಿಂದ. "ಉಮ್ಮಾ" ಎಂದ.

ಉಮ್ಮ ಬೀಡಿ ಎಲೆಯ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ನಿನಗೆ ಕಾಗದ ಬಂತಂತೆ, ಮಮ್ಮು ಹೇಳಿದ. ಊರಿಗೆ ಬಂದು ಕೂರುವುದು ಯಾವಾಗ ಅಂತ ಬರೆದಿದ್ದಾನಾ?"

ಸುಳ್ಳು ಹೇಳಬೇಕಾಗಿ ಬರಲಿಲ್ಲ.

"ಬಾರದೆ ಆಗ್ತದಾ ಉಮ್ಮ?" ಎಂದೆ. "ನಂಬರು ಅವನೊಬ್ಬನಿಗೇ ಗೊತ್ತಿರುವುದು."