ನೇರಳೆ ಮುಚ್ಚಳದ ಟ್ಯೂಬು

ಸಂತೆಮರಹಳ್ಳಿಯ ಸುತ್ತಮುತ್ತ ಶಶಿಕುಮಾರನ ಕೈಗುಣಕ್ಕೆ ದೊಡ್ಡ ಹೆಸರು. ಅವನೇನು ಡಾಕ್ಟರಲ್ಲ, ಗುಂಡ್ಲುಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಟೆಕ್ನೀಷಿಯನ್ನು. ಆದರೂ ಅವನನ್ನು ಹೊಗಳದ ಅಜ್ಜಿಯರಿರಲಿಲ್ಲ. ಬೇರೆಯವರು ತಡಕಾಡುವ ನರ ಅವನ ಬೆರಳಿಗೆ ತಾನಾಗಿ ಸಿಕ್ಕಿಬಿಡುತ್ತಿತ್ತು. ಸಕ್ಕರೆ ಕಾಯಿಲೆಯ ಹೆಂಗಸರು 'ಆ ಉದ್ದುಕಿರೋ ಹುಡ್ಗ ಬಂದವ್ನಾ?' ಎಂದು ವಿಚಾರಿಸಿಕೊಂಡೇ ಕ್ಯಾಂಪಿನ ಸಾಲಿಗೆ ನಿಲ್ಲುತ್ತಿದ್ದರು. ನಮ್ಮ ಕಡೆಯ ಜನವೇ ಹಾಗೆ. ದಿನವಿಡೀ ಬಿಸಿಲಲ್ಲಿ ಬೆನ್ನು ಬಗ್ಗಿಸಿ ದುಡಿದು ಒಂದು ಮಾತು ಆಡುವುದಿಲ್ಲ, ಸೂಜಿಯನ್ನು ಮಾತ್ರ ಎಣಿಸುತ್ತಾರೆ. ಎರಡು ಸಲ ಚುಚ್ಚಿದವನ ಸುದ್ದಿ ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಒಂದೇ ಸಲಕ್ಕೆ ಮುಗಿಸುವವನು ಎಂಬ ಹೊಗಳಿಕೆ ಶಶಿಕುಮಾರನ ತಲೆಗೇರಿ ಎರಡು ವರ್ಷವಾಗಿತ್ತು.

ಸಂಕ್ರಾಂತಿ ಕಳೆದ ವಾರ ಸಂತೆಮರಹಳ್ಳಿಯ ಶಾಲೆಯಲ್ಲಿ ಕಣ್ಣಿನ ಪೊರೆಯ ಉಚಿತ ಶಿಬಿರ ನಡೆಯಿತು. ರಕ್ತ ಸರಿಯಿದ್ದವರನ್ನು ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಿ, ಕನ್ನಡಕ ಕೊಟ್ಟು ಮನೆಗೆ ಬಿಡುವ ಏರ್ಪಾಡು. ರಕ್ತ ಪರೀಕ್ಷೆಯ ಕೆಲಸ ಶಶಿಕುಮಾರನ ಲ್ಯಾಬಿನದು. ಅವತ್ತು ನಲವತ್ತೆರಡು ಜನ. ಮೂವತ್ತೊಂಬತ್ತನೆಯವರಾಗಿ ಕುದೇರಿನ ಕರಿಯಮ್ಮ ಬಂದು ಕುಳಿತರು. ಎಪ್ಪತ್ತರ ಹತ್ತಿರದ ವಯಸ್ಸು. ಬಲಗಣ್ಣಿನ ಪೊರೆ ಬಲಿತು ಬೆಳ್ಳಗಾಗಿತ್ತು, ಎಡಗಣ್ಣಿನಲ್ಲೂ ಮಸುಕು ಶುರುವಾಗಿತ್ತು. ಬಿ.ಪಿ. ಮಾತ್ರೆ ನುಂಗುವವರೆಂದು ಶಿಬಿರದ ಡಾಕ್ಟರು ರಕ್ತದೊಳಗಿನ ಲವಣಗಳ ಪರೀಕ್ಷೆಯನ್ನೂ ಬರೆದಿದ್ದರು.

ಒಬ್ಬರಿಂದ ಎರಡು ಟ್ಯೂಬು ರಕ್ತ ಬೇಕು. ಒಂದಕ್ಕೆ ನೇರಳೆ ಮುಚ್ಚಳ, ಇನ್ನೊಂದಕ್ಕೆ ಕೆಂಪು. ನೇರಳೆಯದರ ಒಳಗೋಡೆಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಮದ್ದು ಸವರಿರುತ್ತದೆ. ಆ ಮದ್ದಿನಲ್ಲಿರುವುದೇ ಪೊಟ್ಯಾಸಿಯಂ ಎಂಬ ಲವಣ. ಅದಕ್ಕೇ ನೇರಳೆಯ ರಕ್ತದ ಒಂದು ಹನಿಯೂ ಕೆಂಪಿಗೆ ಸೇರಕೂಡದು. ಇದು ಕಾಲೇಜಿನಲ್ಲಿ ಮೊದಲ ತಿಂಗಳೇ ಹೇಳಿಕೊಡುವ ಪಾಠ, ಶಶಿಕುಮಾರ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದ.

ನೇರಳೆ ತುಂಬಿತು. ಕೆಂಪು ಅರ್ಧಕ್ಕೆ ಬರುವ ಮೊದಲೇ ಮುದುಕಿಯ ನರ ಬತ್ತಿ ರಕ್ತ ನಿಂತಿತು.

"ಸಾಕು ಕಣ್ ಮಗ," ಎಂದರು ಕರಿಯಮ್ಮ. "ಇರೋ ಒಸಿ ನೆತ್ರಾನೂ ಈರ್ಕಂಡ್ಬುಟ್ರೆ ನಾಳೀಕೆ ಬಸ್ ಅತ್ತೋದೆಂಗೆ?"

ಇನ್ನೊಂದು ಕೈಗೆ ಚುಚ್ಚಬೇಕಿತ್ತು. ಹಿಂದೆ ಮೂವರು ಕುತ್ತಿಗೆ ಚಾಚಿ ನೋಡುತ್ತಿದ್ದರು.

"ಆಯ್ತು ಬುಡಜ್ಜಿ, ಮುಗೀತು," ಎಂದ ಶಶಿಕುಮಾರ.

"ಒಂದೇ ಸರ್ತಿಗಾ! ನಿನ್ ಒಟ್ಟೆ ತಣ್ಗಿರ್ಲಿ ಕಣಪ್ಪ."

ಅವರು ಎದ್ದು ಹೋದ ಮೇಲೆ ಅವನು ಗೋಡೆಯ ಕಡೆ ತಿರುಗಿ, ಎರಡೂ ಮುಚ್ಚಳ ತೆಗೆದು, ನೇರಳೆಯಿಂದ ಕೆಂಪಿಗೆ ಬಗ್ಗಿಸಿ ಅಳತೆ ಸರಿಮಾಡಿದ. ಲವಣದ ಪರೀಕ್ಷೆ ಇರುವುದು ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ ಎಂದು ಆಮೇಲೆ ನೂರು ಸಲ ತನಗೆ ತಾನೇ ಹೇಳಿಕೊಂಡ. ಹೊಳೆದಿದ್ದರೂ ಬಗ್ಗಿಸುತ್ತಿದ್ದನೇನೋ, ಆ ಅನುಮಾನವೇ ಅವನನ್ನು ಹೆಚ್ಚು ತಿಂದಿದ್ದು.

ಲ್ಯಾಬಿಗೆ ಹೊಸ ಮಿಷನ್ನು ಬಂದು ಆಗಿನ್ನೂ ಮೂರು ತಿಂಗಳು. ಮಾಲೀಕ ಮಹಾಲಿಂಗ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಾರ ಹಾಕಿ, ಊರಿಗೆಲ್ಲ ಲಾಡು ಹಂಚಿದ್ದರು. ಟ್ಯೂಬುಗಳನ್ನು ಜೋಡಿಸಿಟ್ಟರೆ ಮುಗಿಯಿತು. ಅದೇ ಚೀಟಿ ಓದಿ, ಅದೇ ಸೂಜಿಯಂಥ ಕೈ ಇಳಿಸಿ, ಅದೇ ಹೀರಿ, ಅಳೆದು, ವರದಿಯನ್ನು ನೇರವಾಗಿ ಡಾಕ್ಟರ ಫೋನಿಗೆ ಕಳಿಸುತ್ತಿತ್ತು. ಮನುಷ್ಯರ ಕೈ ಸೋಕದ ವರದಿ ಎಂದು ಮಹಾಲಿಂಗ ಬೋರ್ಡನ್ನೇ ಬರೆಸಿದ್ದರು. ಮಿಷನ್ನಿಗೆ ವಿಪರೀತ ಕಂಡದ್ದನ್ನು ಮಾತ್ರ ಅದು ತಡೆದು ನಿಲ್ಲಿಸಿ ಟೆಕ್ನೀಷಿಯನ್ನನ್ನು ಕೇಳುತ್ತಿತ್ತು.

ಅವತ್ತು ಸಂಜೆ ಮೂವತ್ತೊಂಬತ್ತನೇ ನಂಬರಿನ ಎದುರು ಕೆಂಪು ಬಣ್ಣ ಬಂತು. ಪೊಟ್ಯಾಸಿಯಂ ಎಂಟೂವರೆ. ಐದರೊಳಗೆ ಇರಬೇಕಾದದ್ದು. ಎಂಟೂವರೆ ಇದ್ದವರು ಹಾಸಿಗೆ ಹಿಡಿದಿರುತ್ತಾರೆ, ಬಸ್ಸು ಹತ್ತುವ ಮಾತಾಡುವುದಿಲ್ಲ. ನೋಡಿದ ತಕ್ಷಣ ಶಶಿಕುಮಾರನಿಗೆ ಎಲ್ಲವೂ ಗೊತ್ತಾಗಿತ್ತು, ಇದು ನೇರಳೆ ಟ್ಯೂಬಿನ ಮದ್ದು.

ಪರದೆಯ ಮೇಲೆ ಎರಡೇ ಗುಂಡಿ. ಒಂದು ಕಳಿಸು, ಇನ್ನೊಂದು ತಡೆ. ತಡೆದರೆ ಕಾರಣ ಬರೆಯಬೇಕು, ಆ ಕಾರಣ ಮಹಾಲಿಂಗರ ಫೋನಿಗೂ ಹೋಗುತ್ತದೆ. ಆಮೇಲೆ ಕುದೇರಿಗೆ ಹೋಗಿ ಅಜ್ಜಿಯ ಕೈ ಹಿಡಿದು, ಇನ್ನೊಂದು ಸಲ ಚುಚ್ಚಬೇಕು, ಯಾಕೆಂದು ಹೇಳಬೇಕು. ಡಾಕ್ಟರು ಓದಿದವರಲ್ಲವೇ, ಇಷ್ಟು ಅಸಂಬದ್ಧ ಸಂಖ್ಯೆ ಕಂಡರೆ ಅವರೇ ಇನ್ನೊಮ್ಮೆ ರಕ್ತ ಕೇಳುತ್ತಾರೆ, ಆಗ ಕೊಟ್ಟರಾಯಿತು ಎಂದುಕೊಂಡ. ಹೊರಗೆ ಹೆದ್ದಾರಿಯಲ್ಲಿ ಈರುಳ್ಳಿ ಲಾರಿಗಳು ಹಾರನ್ನು ಒತ್ತುತ್ತಿದ್ದವು. ಅವನು ಕಳಿಸು ಎಂಬುದನ್ನು ಒತ್ತಿ, ಟೀ ಕುಡಿಯಲು ಹೋದ.

ಡಾಕ್ಟರು ಇನ್ನೊಮ್ಮೆ ಕೇಳಲಿಲ್ಲ. ಮರುದಿನ ಬಂದ ಪಟ್ಟಿಯಲ್ಲಿ ಕರಿಯಮ್ಮನ ಹೆಸರಿನ ಮೇಲೆ ಗೀಟು ಬಿದ್ದಿತ್ತು. ಪಕ್ಕದಲ್ಲಿ, ಎರಡು ತಿಂಗಳು ಪಥ್ಯ, ಮುಂದಿನ ಶಿಬಿರಕ್ಕೆ ನೋಡುವುದು ಎಂದು ಬರೆದಿದ್ದರು. ಅಷ್ಟೇ ತಾನೆ, ಮೂರು ತಿಂಗಳಿಗೆ ಇನ್ನೊಂದು ಬಸ್ಸು ಬರುತ್ತದೆ ಎಂದು ಶಶಿಕುಮಾರ ಸಮಾಧಾನ ಮಾಡಿಕೊಂಡ. ಮಾಡಿಕೊಂಡ ಸಮಾಧಾನ ಎಷ್ಟು ದಿನ ಬಂದೀತು? ಶಿಬಿರದ ಅರ್ಜಿಯಲ್ಲಿದ್ದ ಕರಿಯಮ್ಮನ ಮನೆಯ ಫೋನ್ ನಂಬರನ್ನು ಮೊಬೈಲಿಗೆ ಹಾಕಿಕೊಂಡಿದ್ದ. ಒಂದು ಸಲ ಧೈರ್ಯ ಮಾಡಿ ಒತ್ತಿದಾಗ, ಆ ಕಡೆಯಿಂದ ಗಂಡಸಿನ ದನಿ 'ಅಲೋ' ಎಂದಿದ್ದೇ ತಡ, ಕಟ್ ಮಾಡಿಬಿಟ್ಟ. ಸಂತೆಮರಹಳ್ಳಿಯ ಕೆಲಸ ಬಂದರೆ ಮೈಗೆ ಹುಷಾರಿಲ್ಲ ಎನ್ನುತ್ತಿದ್ದ. ಯಾರಾದರೂ ಕೈಗುಣದ ಮಾತೆತ್ತಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಹೆಂಡತಿ ಲಕ್ಷ್ಮಿದೇವಿ ಏನಾಯಿತೆಂದು ಕೇಳಿ ಕೇಳಿ ಸಾಕಾಗಿ ಬಿಟ್ಟಳು.

ಯುಗಾದಿ ಮುಗಿದ ಮೇಲಿನ ಸೋಮವಾರ, ಲ್ಯಾಬಿನಲ್ಲಿ ಚೀಟಿ ಬರೆಯುವ ಶಿವರಂಜಿನಿ ಊಟದ ಡಬ್ಬಿ ಬಿಚ್ಚುತ್ತ ಮಾತು ತೆಗೆದಳು. ಅವಳ ತವರು ಕುದೇರು.

"ನಮ್ಮೂರ್ ಕರಿಯಮ್ಮಜ್ಜಿ ಗೊತ್ತಾ ಶಶಿಯಣ್ಣ? ಪಾಪ, ಬಲಗಣ್ಣು ಓಗೇಬುಡ್ತಂತೆ."

ಅವನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದ.

"ಪೊರೆ ಒಳಗೇ ಒಡ್ದು ಕಣ್ಣು ಕೆಂಡ ಆಗಿತ್ತಂತೆ. ತಲೆ ಚಚ್ಕೊಂಡು ವಾಂತಿ ಮಾಡ್ಕೊಂಡವ್ರೆ. ಮೂರ್ ದಿನ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಬುಟ್ಕೊಂಡು ಕೂತಿದ್ರು. ಚಾಮರಾಜನಗರಕ್ಕೆ ಕರ್ಕೊಂಡೋದಾಗ ಡಾಕ್ಟ್ರು, ಈ ಪೊರೇನ ಎಲ್ಡ್ ತಿಂಗ್ಳು ಮೊದ್ಲೇ ತೆಗಿಸ್ಬೇಕಿತ್ತು ಅಂದ್ರಂತೆ."

ಎರಡು ತಿಂಗಳು. ಶಶಿಕುಮಾರ ಎದ್ದು ಕೈ ತೊಳೆಯುವ ಕಡೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತ. ಒಂದು ಗುಂಡಿಯ ಬದಲು ಪಕ್ಕದ ಗುಂಡಿ ಒತ್ತಿದ್ದರೆ ಆ ಮುದುಕಿಗೆ ಕಣ್ಣಿರುತ್ತಿತ್ತು. ಇದಕ್ಕಿಂತ ಸರಳವಾದ ಲೆಕ್ಕ ಅವನ ಆಯುಷ್ಯದಲ್ಲೇ ಬಂದಿರಲಿಲ್ಲ.

ಅವತ್ತೇ ಮಹಾಲಿಂಗರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಮಹಾಲಿಂಗ ಕೆಟ್ಟ ಮನುಷ್ಯರೇನಲ್ಲ, ವ್ಯಾಪಾರದ ಮನುಷ್ಯ. ಬಾಗಿಲು ಹಾಕಿ ಬಂದು ಕುಳಿತು, ಮೊದಲು ಚೆನ್ನಾಗಿ ಬೈದರು. ಆಮೇಲೆ ದನಿ ತಗ್ಗಿಸಿದರು.

"ಓಗಿ ನೋಡ್ಕೊಂಡು ಬಾ. ಎಡಗಣ್ಣಿಗೆ ಏನೇನ್ ಟೆಸ್ಟ್ ಬೇಕೋ ಎಲ್ಲಾ ಫ್ರೀಯಾಗಿ ಮಾಡ್ಕೊಡನ. ಆದ್ರೆ ಬಗ್ಗಿಸ್ದೆ ಗಿಗ್ಗಿಸ್ದೆ ಅಂತ ಬಾಯ್ಬುಟ್ಟೀಯ. ಮಿಷನ್ ಒಸದು, ಎರರ್ ಬಂದಿತ್ತು ಅನ್ನು. ಮಿಷನ್ನಿನ ಮೇಲೆ ಯಾರ್ ಜಗಳಕ್ಕೆ ಓಯ್ತಾರೆ?"

ಮರುದಿನ ಮಧ್ಯಾಹ್ನ ಬೈಕಿನಲ್ಲಿ ತೆರಕಣಾಂಬಿ, ಚಾಮರಾಜನಗರ ದಾಟಿ ಕುದೇರಿಗೆ ಹೋಗುವಷ್ಟರಲ್ಲಿ ಅವನು ಆ ಸುಳ್ಳನ್ನು ಬಾಯಿಪಾಠ ಮಾಡಿದ್ದ. ಕರಿಯಮ್ಮ ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಸೊಸೆ ಸಣ್ಣಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಮಗ ಗುರುಸ್ವಾಮಿ ಬಾಳೆ ತೋಟಕ್ಕೆ ಹೋಗಿದ್ದ.

"ಅಜ್ಜಿ, ನಾನು ಲ್ಯಾಬಿನ ಶಶಿಕುಮಾರ. ನೆತ್ರ ತೆಗ್ದಿದ್ನಲ್ಲ," ಎಂದ.

"ಅಯ್ಯೋ, ಬಾ ಮಗ, ಕೂತ್ಕೊ." ಮುದುಕಿಯ ಮುಖ ಅರಳಿತು. ಅದು ಅರಳಿದ್ದು ಅವನಿಗೆ ಹೊಡೆದಂತಾಯಿತು. "ನೋಡು, ನನ್ ಕಣ್ಣು ಇಂಗಾಗೋಯ್ತು."

"ಗೊತ್ತಾಯ್ತು ಅಜ್ಜಿ. ಅದ್ಕೇ ಬಂದೆ. ಅವತ್ತಿನ ರಿಪೋರ್ಟು…"

"ಒಸಿ ತಡಿ." ಕರಿಯಮ್ಮ ಒಳಗಿನ ಪಾತ್ರೆಯ ಸದ್ದು ಆಲಿಸಿ, ಅವನ ಮೊಣಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. "ನೀನು ನೆತ್ರ ನೋಡೋನು, ನಿಂಗೆಂಗೂ ಗೊತ್ತಾಯ್ತದೆ. ನಿನ್ನತ್ರ ಮುಚ್ಚಿಡಾಕಿಲ್ಲ. ನೆತ್ರದಲ್ಲಿ ಉಪ್ಪು ಜಾಸ್ತಿ ಅದೆ, ಬಾಳೆಅಣ್ಣು ಎಳ್ನೀರು ಮುಟ್ಟಂಗಿಲ್ಲ ಅಂದಿದ್ರು. ನನ್ ಮಗ ಮನೇಲಿ ಒಂದ್ ಚಿಪ್ಪು ಇಡ್ನಿಲ್ಲ ಕಣಪ್ಪ. ತೋಟ್ದಲ್ಲಿ ಗೊನೆ ಗೊನೆ ನೇತಾಡ್ತಿದ್ರೂ ಮಕ್ಳಿಗೂ ತರ್ನಿಲ್ಲ, ಅಜ್ಜಿ ಕಣ್ಣಿಗ್ ಬೀಳಬಾರ್ದು ಅಂತ."

"ಅಜ್ಜಿ…"

"ನಮ್ಮೆಜಮಾನ್ರಿಗೆ ಎಡೆ ಇಕ್ಕಿದ್ವಿ. ಎಡೇಲಿ ಏಲಕ್ಕಿ ಅಣ್ಣು ಇದ್ದೋ. ಸೊಸೆ ಆಕಡೆ ಓದಾಗ ಎಲ್ಡು ತಿಂದ್ಬುಟ್ಟೆ. ಆಳಾದ್ ನಾಲ್ಗೆ. ನಾಲ್ಕೇ ದಿನಕ್ಕೆ ಕಣ್ಣು ಕೆಂಪಗಾಯ್ತು. ಆ ಉಪ್ಪೆಲ್ಲ ಕಣ್ಗೇ ಏರ್ಬುಟ್ಟದೆ. ಮೂರ್ ದಿನ ಡ್ರಾಪ್ಸೇ ಸಾಕು ಅಂದೆ, ಆಸ್ಪತ್ರೇಲಿ ಏನ್ ತಿಂದೆ ಅಂತ ಕೇಳಿದ್ರೆ ಏನಂತ ಏಳ್ಲಿ? ಮಗ ಆಸ್ಪತ್ರೇಲಿ ಗೋಡೆಗೆ ತಲೆ ಕೊಟ್ಟು ಅಳ್ತಿದ್ದ. ನಾನೇ ಮಾಡ್ಕೊಂಡೆ ಕಣ್ಲಾ ಅಂತ ಏಳಕ್ಕೆ ಬಾಯೇ ಬರ್ನಿಲ್ಲ."

ಶಶಿಕುಮಾರ ರಕ್ತ ತೆಗೆಯುವ ಸಾಮಾನಿನ ಚೀಲವನ್ನು ಪಕ್ಕಕ್ಕಿಟ್ಟ. ತಾನು ಮುಚ್ಚಿಟ್ಟದ್ದನ್ನು ಇಷ್ಟು ದಿನ ಈ ಮುದುಕಿ ಹೊತ್ತುಕೊಂಡು ಕುಳಿತಿದ್ದಾಳೆ. ಬಾಯಿಪಾಠ ಮಾಡಿದ ಮಾತು ತಾನಾಗಿಯೇ ಹೊರಬಿತ್ತು.

"ಅಣ್ಣಿನಿಂದ ಅಲ್ಲ ಅಜ್ಜಿ. ಅವತ್ತು ಮಿಷನ್ನು ತಪ್ಪು ತೋರ್ಸಿತ್ತು."

"ಬುಡು ಮಗ." ಕರಿಯಮ್ಮ ಅವನ ಕೈ ತಟ್ಟಿದರು. "ನನ್ನ ಸಮಾಧಾನಕ್ಕೆ ಏಳ್ತಿದ್ದೀಯ. ಮಿಷಿನ್ಗೆ ನನ್ನ ಮೇಲೇನು ಅಗೆತನ? ಇದ್ದುದ್ದನ್ನ ಇದ್ದಂಗೆ ಏಳ್ತು. ಕೇಳ್ದೆ ಓದವ್ಳು ನಾನು."

ಈಗ ಎದ್ದು ಹೋಗಬಹುದಿತ್ತು. ಅಜ್ಜಿ ನಂಬುವುದಿಲ್ಲ, ಮಹಾಲಿಂಗರು ಹೇಳಿಕೊಟ್ಟದ್ದನ್ನು ಹೇಳಿಯಾಯಿತು. ಆದರೆ ಎದ್ದು ಹೋದರೆ ಈ ಮುದುಕಿ ಸಾಯುವ ತನಕ ಎರಡು ಬಾಳೆಹಣ್ಣಿಗೆ ತನ್ನನ್ನೇ ಶಪಿಸಿಕೊಂಡು ಕುಳಿತಿರುತ್ತಾಳೆ. ಶಶಿಕುಮಾರ ಜಗಲಿಯಿಂದ ಇಳಿದು ಅವರ ಕಾಲ ಬಳಿ ನೆಲದ ಮೇಲೆ ಕುಳಿತ.

"ಅಜ್ಜಿ, ಕೇಳಿ. ಮಿಷನ್ ಸರಿಯಾಗಿತ್ತು. ನಿಮ್ ನೆತ್ರಾನೂ ಸರಿಯಾಗಿತ್ತು. ಅವತ್ತು ಒಂದ್ ಟ್ಯೂಬಿಗೆ ನೆತ್ರ ಸಾಲ್ನಿಲ್ಲ. ಇನ್ನೊಂದ್ ಸರ್ತಿ ಚುಚ್ಬೇಕಿತ್ತು, ಚುಚ್ನಿಲ್ಲ. ಮದ್ದು ಸವರಿರೋ ಟ್ಯೂಬಿಂದ ತೆಗ್ದು ಇದಕ್ಕೆ ಬಗ್ಗಿಸ್ಬುಟ್ಟೆ. ಆ ಉಪ್ಪು ಮದ್ದಿಂದು, ನಿಮ್ದಲ್ಲ. ಸಂಜೇನೇ ನಂಗೆ ಗೊತ್ತಾಯ್ತು. ಗೊತ್ತಿದ್ರೂ ಕಳಿಸ್ದೆ. ಎಲ್ಡೂವರೆ ತಿಂಗ್ಳು ಬಾಯ್ಮುಚ್ಕೊಂಡಿದ್ದೆ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಸಣ್ಣಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

ಕರಿಯಮ್ಮ ಅವನ ಮುಖದ ಕಡೆಗೆ ಬಗ್ಗಿದರು.

"ಅಂಗಾರೆ ಅಣ್ಣಿನಿಂದ ಅಲ್ವ?" ಎಂದರು.

"ಅಲ್ಲ ಅಜ್ಜಿ."

"ನನ್ನಿಂದ ಅಲ್ವ?"

"ಅಲ್ಲ. ನನ್ನಿಂದ."

ಮುದುಕಿ ಕನ್ನಡಕ ತೆಗೆದು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಶಪಿಸುತ್ತಾರೆ, ಮಣ್ಣು ತೂರುತ್ತಾರೆ ಎಂದು ಅವನು ತಲೆ ತಗ್ಗಿಸಿ ಕಾದ. ಅವರು ಶಪಿಸಲಿಲ್ಲ. ಇಷ್ಟು ದಿನ ಬಿಗಿಹಿಡಿದದ್ದು ಬಿಚ್ಚಿಕೊಂಡಂತೆ ಅಳುತ್ತಲೇ ಇದ್ದರು. ಅವರ ಅಳುವಿನಲ್ಲಿ ನೆಮ್ಮದಿಯಿತ್ತು. ಶಾಪಕ್ಕಿಂತ ಅದನ್ನು ಕೇಳುವುದೇ ಶಶಿಕುಮಾರನಿಗೆ ಕಷ್ಟವಾಯಿತು.

ಅಳು ನಿಂತ ಮೇಲೆ ಅವನು ಹೆದರುತ್ತಲೇ ಚೀಲ ಬಿಚ್ಚಿದ.

"ಎಡಗಣ್ಣಾದ್ರೂ ಉಳಿಸ್ಕೊಳ್ಳನ ಅಜ್ಜಿ. ಮುಂದಿನ್ ವಾರ ಶಿಬಿರ ಅದೆ. ನೆತ್ರ ಕೊಡಿ, ಇವತ್ತೇ ನೋಡ್ತೀನಿ."

ಕರಿಯಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನೀನ್ ಬ್ಯಾಡ. ಬೇರೆಯೋರ್ನ ಕಳ್ಸು."

ದನಿಯಲ್ಲಿ ಸಿಟ್ಟಿರಲಿಲ್ಲ. ಶಶಿಕುಮಾರ ಚೀಲ ಮುಚ್ಚಿ ಏಳಲು ಹೋದ.

"ಎಲ್ಲಿಗೆ ಏಳ್ತೀಯ? ಕೂತ್ಕೊ," ಎಂದರು ಕರಿಯಮ್ಮ. "ಸಣ್ಣಮ್ಮಿ, ಕಾಪಿ ಕಾಯ್ಸು. ಗುರುಸ್ವಾಮಿ ಇನ್ನೇನ್ ಬತ್ತಾನೆ. ಅವ್ವನ್ನ ಬಿರ್ರನೆ ಆಸ್ಪತ್ರೆಗೆ ಕರ್ಕೊಂಡ್ ಓಗ್ನಿಲ್ಲ, ನನ್ನಿಂದ್ಲೇ ಕಣ್ಣೋಯ್ತು ಅಂತ ಅವ್ನು ಅನ್ನ ಬುಟ್ಟವ್ನೆ. ನಂಗೇಳ್ದಂಗೇ ಅವ್ನ್ಗೂ ಏಳು."

ಗುರುಸ್ವಾಮಿ ಏನು ಮಾಡಿಯಾನು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಕಾಫಿ ಬಂತು, ಲೋಟ ಬಿಸಿಯಾಗಿತ್ತು, ಆದರೂ ಅವನು ಕೆಳಗಿಡಲಿಲ್ಲ. ಮೂವರೂ ಬೀದಿಯ ಕಡೆ ಮುಖ ಮಾಡಿ ಕುಳಿತರು. ಸ್ವಲ್ಪ ಹೊತ್ತಿಗೆ ಟಿವಿಎಸ್ ಗಾಡಿಯೊಂದು ಬಂದು ಮನೆಯ ಮುಂದೆ ನಿಂತಿತು. ಹುಲ್ಲಿನ ಹೊರೆ ಇಳಿಸುತ್ತಿದ್ದ ಗುರುಸ್ವಾಮಿ ಅಪರಿಚಿತನನ್ನು ಕಂಡು ಯಾರೆಂಬಂತೆ ತಾಯಿಯ ಕಡೆ ನೋಡಿದ. ಕರಿಯಮ್ಮ ಶಶಿಕುಮಾರನ ಕಡೆ ಕೈ ತೋರಿಸಿದರು. ಶಶಿಕುಮಾರ ಎದ್ದು ನಿಂತ.